ಕೊನೆಯ ಬಂದರಿನ ಕ್ಯಾಸೆಟ್

ಆ ಹೆಂಗಸು ನನ್ನ ಅಂಗಡಿಯ ಮೇಜಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, “ಇದು ಕೆಟ್ಟಿದೆ ಅಂತ ಹೇಳಿ,” ಎಂದರು. ಇಪ್ಪತ್ತೆಂಟು ವರ್ಷ ರೇಡಿಯೋ ರಿಪೇರಿ ಮಾಡಿದವನು ನಾನು. ಕೆಟ್ಟಿಲ್ಲ ಅನ್ನಿ ಎಂದು ಬೇಡಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ, ಕೆಟ್ಟಿದೆ ಅನ್ನಿ ಎಂದವರು ಇವರೊಬ್ಬರೇ.

ಬಂದರಿನಲ್ಲಿ ಎಲ್ಲರೂ ಅವರನ್ನು ಬೋಟಿನಮ್ಮ ಎನ್ನುತ್ತಿದ್ದರು. ಒಂಬತ್ತು ದಿನದ ಹಿಂದೆ, ನೆಟ್ಟಗೆ ನಿಂತರೆ ತಲೆ ತಾಗುವಂಥ ಕ್ಯಾಬಿನ್ನಿನ ಪುಟ್ಟ ಮೋಟಾರು ಬೋಟಿನಲ್ಲಿ ಒಬ್ಬರೇ ಬಂದಿಳಿದಿದ್ದರು. ಅರವತ್ತು ದಾಟಿದ ಹೆಂಗಸು ಕರಾವಳಿಯುದ್ದಕ್ಕೂ ಒಂಟಿಯಾಗಿ ಬೋಟು ನಡೆಸಿಕೊಂಡು ಬಂದರೆ ಊರ ಬಾಯಿ ಸುಮ್ಮನಿರುತ್ತದೆಯೇ? ನನ್ನ ಪಾಲಿನ ಮಾತು ನಾನೂ ಆಡಿದ್ದೆ.

ಅವರ ತಗಡಿನ ಡಬ್ಬಿಯಿಂದ ಕೈಗೆ ಸಿಕ್ಕ ಕ್ಯಾಸೆಟ್ ಒಂದನ್ನು ಹಾಕಿ ಗುಂಡಿ ಒತ್ತಿದೆ. ಗಂಡಸಿನ ದನಿ ಬಂತು. “ಗಾಳಿ ವಾಯುವ್ಯದಿಂದ. ಡೀಸೆಲ್ ಹನ್ನೊಂದು ಲೀಟರ್. ಲಂಗರು ಚೆನ್ನಾಗಿ ಹಿಡಿದಿದೆ.” ಆಕೆ ಮೇಜಿನ ಅಂಚು ಹಿಡಿದುಕೊಂಡರು.

“ಮೆಷಿನ್ ಚೆನ್ನಾಗೇ ಇದೆಯಮ್ಮಾ,” ಎಂದೆ.

“ಹಾಗಾದ್ರೆ ನಾನೇ ಯಾವುದೋ ಗುಂಡಿ ಒತ್ತಿ ಅಳಿಸಿಬಿಟ್ಟೆ,” ಎಂದು ಸ್ಟೂಲಿನ ಮೇಲೆ ಕುಸಿದರು.

ಅಂಗಡಿಯ ಹಿಂಬದಿಯಲ್ಲಿ ಪೇಪರ್ ಓದುತ್ತಿದ್ದ ನಮ್ಮಕ್ಕ ಪೇಪರ್ ಮಡಚಿದಳು. ಅಕ್ಕ ಮೂವತ್ತು ವರ್ಷ ವಿಮಾ ಕಂಪನಿಯಲ್ಲಿದ್ದವಳು. ಮುಳುಗಿದ ಬೋಟು ತಾನಾಗಿ ಮುಳುಗಿತೋ, ಯಾರಾದರೂ ಮುಳುಗಿಸಿದರೋ ಎಂದು ಪತ್ತೆ ಮಾಡುವುದೇ ಅವಳ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಅಂಗಡಿಯ ಮಹಡಿಯಲ್ಲಿದ್ದಾಳೆ, ಕೆಳಗಿನ ಕೋಣೆಯಲ್ಲಿ ನಾನು. ಒಂದೇ ಕಟ್ಟಡ, ಎರಡು ಒಲೆ, ಎರಡು ಚಹಾ. ಯಾರಾದರೂ ಹೀಗೊಂದು ಕೇಸು ತಂದಾಗ ಬಿಟ್ಟರೆ ನಾವು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

“ಅಳಿಸಿಹೋಗಿದ್ದು ಯಾವುದು? ಮೊದಲಿಂದ ಹೇಳಿ,” ಎಂದಳು ಅಕ್ಕ.

ಬೋಟಿನಮ್ಮನ ಯಜಮಾನರು ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಪ್ರತಿವರ್ಷ ಗಂಡಹೆಂಡತಿ ಎರಡು ತಿಂಗಳು ಬಂದರಿನಿಂದ ಬಂದರಿಗೆ ಹೋಗುತ್ತಿದ್ದರು. ಸಂಜೆ ಲಂಗರು ಹಾಕಿದ ಮೇಲೆ ಯಜಮಾನರು ಆ ದಿನದ ವಿವರವನ್ನು ಟೇಪಿಗೆ ಹೇಳುವರು. ಹದಿನಾಲ್ಕು ಬಂದರು, ಹದಿನಾಲ್ಕು ಕ್ಯಾಸೆಟ್. ಬಂದರಿನ ಹೆಸರು ಬರೆಯುತ್ತಿದ್ದುದು ಒಂದೊಂದರ ಪ್ಲಾಸ್ಟಿಕ್ ಕವರಿನೊಳಗಿನ ಚೀಟಿಯ ಮೇಲೆ, ಕ್ಯಾಸೆಟ್ಟಿನ ಮೇಲೆ ಏನೂ ಇಲ್ಲ.

“ಎರಡು ವರ್ಷದ ಹಿಂದೆ, ಬೋಟಿಗೆ ನೀಲಿ ಬಳೀಬೇಕಾ ಬಿಳಿ ಬಳೀಬೇಕಾ ಅಂತ ಜಗಳ ಆಯ್ತು. ಇಷ್ಟೇ ವಿಷಯ. ನಾನು ಬರಲ್ಲ ಅಂದೆ, ಅವರು ಒಬ್ಬರೇ ಹೋದ್ರು. ಹದಿನಾಲ್ಕನೇ ಬಂದರಲ್ಲಿ ಬೋಟಲ್ಲೇ ಹೃದಯ ನಿಂತು ಹೋಯ್ತು. ನನಗೊಂದು ಮಾತು ಹೇಳಿಕಳಿಸಲಿಲ್ಲ.” ಆಕೆ ತಗಡಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. “ಈಗ ಅದೇ ದಾರೀಲಿ ಬರ್ತಿದ್ದೀನಿ. ಯಾವ ಬಂದರೋ ಆ ಬಂದರಲ್ಲಿ ಅವರು ಆ ಸಲ ಹೇಳಿಟ್ಟ ಕ್ಯಾಸೆಟ್ ಮಾತ್ರ ಸಂಜೆ ಕೂತು ಕೇಳ್ತೀನಿ. ಈ ಬಂದರು ಹದಿಮೂರನೇದು. ಪಂಪ್ ಕೆಟ್ಟು ಇಲ್ಲೇ ಸಿಕ್ಕಿಹಾಕ್ಕೊಂಡೆ. ಇವತ್ತು ಬೆಳಗ್ಗೆ ತಡೀಲಾರದೆ ಕೊನೇದನ್ನ ಹಾಕಿದೆ. ಬರೀ ಸರಸರ ಶಬ್ದ.”

“ಅದರಲ್ಲಿ ಏನಿರಬಹುದಿತ್ತು?”

“ನನ್ನ ಮೇಲೆ ಕೋಪದಲ್ಲೇ ಹೋದ್ರಾ ಇಲ್ವಾ ಅಂತ. ಅದು ಗೊತ್ತಾಗೋಕೆ ನನಗೆ ಬೇರೆ ದಾರಿ ಇಲ್ಲ.”

ನಾನು ಆ ಕೊನೆಯ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದೆ. ನನ್ನ ಕಸುಬಿನ ಪುಣ್ಯಕ್ಕೆ ಕಣ್ಣಿಗೆ ಒಂದು ವಿಷಯ ಬಿತ್ತು. ಉಳಿದ ಹದಿಮೂರರಲ್ಲೂ ಪುಟ್ಟ ಸ್ಕ್ರೂಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಕಂದುಬಣ್ಣಕ್ಕೆ ತಿರುಗಿದ್ದವು. ಇದರ ಐದೂ ಸ್ಕ್ರೂ ಫಳಫಳ ಹೊಳೆಯುತ್ತಿದ್ದವು.

“ಅಕ್ಕಾ, ಹದಿನಾಲ್ಕೂ ಒಂದೇ ಡಬ್ಬಿಯಲ್ಲಿ ಒಂದೇ ಸಮುದ್ರದ ಮೇಲೆ ಎರಡು ತಿಂಗಳು ಇದ್ದವು ತಾನೇ? ಇದು ಹೊಸ ಕ್ಯಾಸೆಟ್. ಯಾರೋ ಬದಲಾಯಿಸಿದ್ದಾರೆ.”

“ನೀವು ಏನೂ ಅಳಿಸಿಲ್ಲಮ್ಮಾ. ನಿಮ್ಮ ಕ್ಯಾಸೆಟ್ ಎಲ್ಲೋ ಇದೆ,” ಎಂದಳು ಅಕ್ಕ. ಬೋಟಿನಮ್ಮ ಆಗ ಅತ್ತರು. ಅಳುವವರೆದುರು ಏನು ಮಾಡಬೇಕೆಂದು ನನಗೆ ಈ ವಯಸ್ಸಿನಲ್ಲೂ ತಿಳಿಯದು, ಸ್ಕ್ರೂಡ್ರೈವರ್ ಒರೆಸುತ್ತಾ ಕೂತೆ.

ಅಕ್ಕ ಕೇಳುತ್ತಾ ಹೋದ ಹಾಗೆ ವಿವರ ಹೊರಬಂತು. ಎರಡು ದಿನದ ಹಿಂದೆ, ಮಂಗಳವಾರ, ಆಕೆ ಎಲ್ಲಾ ಕ್ಯಾಸೆಟ್ಟನ್ನೂ ಒಂದೊಂದಾಗಿ ಒರೆಸಿದ್ದರು. ಕೊನೆಯದನ್ನು ಒರೆಸಿದಾಗಲೂ ಬಟ್ಟೆಗೆ ತುಕ್ಕು ಹತ್ತಿತ್ತು. ಆಮೇಲೆ ಬೋಟು ಬಿಟ್ಟು ಹೋದದ್ದು ಒಂದೇ ಸಲ, ಬುಧವಾರ ಹನ್ನೆರಡರಿಂದ ಎರಡರವರೆಗೆ, ಅಂಚೆ ಕಚೇರಿಗೆ. ಕ್ಯಾಬಿನ್ನಿನ ಬೀಗದ ಕೈ ಬೋರಲು ಹಾಕಿದ ಬಕೆಟ್ಟಿನ ಕೆಳಗೆ. ಆ ಗುಟ್ಟೂ ಕ್ಯಾಸೆಟ್ಟಿನ ವಿಷಯವೂ ಮೂವರಿಗೆ ಗೊತ್ತಿತ್ತು: ಪಂಪ್ ರಿಪೇರಿಯ ಡೀಸೆಲ್ ಮೇಸ್ತ್ರಿ, ಬಂದರು ಗುಮಾಸ್ತ, ಮತ್ತು ಆಕೆಯ ಮೈದುನ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರಾಗಿದ್ದ ಈ ಮೈದುನ, ಅತ್ತಿಗೆಯನ್ನು ಮನೆಗೆ ಕರೆದೊಯ್ಯಲು ನಾಲ್ಕು ದಿನದ ಹಿಂದೆ ಬಂದು ಲಾಡ್ಜಿನಲ್ಲಿ ಇಳಿದಿದ್ದರು. ಅಣ್ಣ ಸತ್ತಾಗ ಆ ಬಂದರಿಗೆ ಓಡಿಹೋಗಿ ಎಲ್ಲಾ ನೋಡಿಕೊಂಡವರೂ ಅವರೇ.

“ಆಮೇಲೆ ನೀವು ಬೋಟು ತರೋಕೆ ಹೋದಾಗ ಒಳಗೆ ಏನಾದ್ರೂ ವಿಚಿತ್ರ ಅನ್ನಿಸ್ತಾ?” ಎಂದು ಅಕ್ಕ ಕೇಳಿದಳು.

ಬೋಟಿನಮ್ಮನಿಗೆ ಅದನ್ನು ಹೇಳುವುದು ಕಷ್ಟವಾಯಿತು. “ಎರಡು ಲೋಟ ತೊಳೆದು ಬೋರಲು ಹಾಕಿದ್ರು. ಒಂದು ಅವರದು. ಇನ್ನೊಂದು ನನ್ನದು, ಅಂಚು ನೆಗ್ಗಿರೋದು. ಸಿಟ್ಟಲ್ಲಿ ಅದನ್ನ ನಾನೇ ಬೋಟಿನ ಸಾಮಾನು ಪೆಟ್ಟಿಗೆಯ ತಳಕ್ಕೆ ತುರುಕಿದ್ದೆ. ಯಾರು ಬಂದಿದ್ರೋ, ಯಾರಿಗೆ ನನ್ನ ಲೋಟದಲ್ಲಿ ಕೊಟ್ರೋ. ಅದೂ ಒಂದು ಮುಳ್ಳು.”

ಅಕ್ಕ ತಲೆಯಾಡಿಸಿ ಕೊಡೆ ತೆಗೆದುಕೊಂಡಳು. ನಾನು ಅಂಗಡಿ ಮುಚ್ಚಿ ಹಿಂದೆ ಹೊರಟೆ.

ಗುಮಾಸ್ತ ತನ್ನ ಕಿಟಕಿಯ ಹಿಂದೆ ಕೂತು ಮೂಗಿನಲ್ಲೇ ಮಾತಾಡಿದ. “ಆಯಮ್ಮ ಯಾವಾಗ ಜಾಗ ಖಾಲಿ ಮಾಡ್ತಾರೆ ಹೇಳಿ ಮೊದಲು. ನಾನು ಬುಧವಾರ ಸೀಟು ಬಿಟ್ಟು ಎದ್ದಿಲ್ಲ, ಎದುರು ಕೂತ ಇಬ್ಬರನ್ನೂ ಕೇಳಿ. ಹನ್ನೆರಡೂವರೆಗೆ ಕೊಡೆ ಹಿಡಿದ ಸ್ಟೇಷನ್ ಮಾಸ್ತರು ಆ ಕಡೆ ಹೋದ್ರು. ಒಂದು ಗಂಟೆಗೆ ಮೇಸ್ತ್ರಿ.” ಎದುರು ಕೂತಿದ್ದ ಇಬ್ಬರೂ ಹೌದೆಂದರು. ಅವನ ಮೇಲೆಯೇ ಅನುಮಾನ ಇಟ್ಟುಕೊಂಡಿದ್ದ ನನಗೆ ಸ್ವಲ್ಪ ಬೇಜಾರಾಯಿತು.

ಡೀಸೆಲ್ ಮೇಸ್ತ್ರಿ ವರ್ಕ್‌ಶಾಪಿನಲ್ಲಿ ಗ್ರೀಸಿನ ಕೈಯಲ್ಲೇ ಉತ್ತರ ಕೊಟ್ಟ. “ಹೌದು, ನಾನು ಬೋಟೊಳಗೆ ಹೋಗಿದ್ದೆ. ಇಪ್ಪತ್ತು ಕೇಜಿ ಪಂಪ್ ಎರಡೂ ಕೈಯಲ್ಲಿ ಅವುಚಿಕೊಂಡು ಜೆಟ್ಟಿಯಿಂದ ಒಂದೇ ಹೆಜ್ಜೆ ಒಳಗಿಟ್ಟೆ. ಡೆಕ್ಕಿನ ಮೇಲೆ ಇಟ್ಟು ಬಂದೆ. ಹಾಡಿನ ಕ್ಯಾಸೆಟ್ ಆಗಿದ್ರೆ ಕದೀತಿದ್ನೇನೋ, ಗಾಳಿ ಸುದ್ದಿ ಕಟ್ಕೊಂಡು ನಾನೇನು ಮಾಡ್ಲಿ?”

ಮಾಸ್ತರು ಲಾಡ್ಜಿನ ಕೋಣೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದರು. ಮಾತು ಬಹಳ ಮೃದು. “ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಆದ್ರೆ ಬೋಟು ಆಳದಲ್ಲಿತ್ತು, ಕಬ್ಬಿಣದ ಏಣಿ ಇಳೀಬೇಕು. ನನ್ನ ಮಂಡಿ ನೋಡಿ, ಮಡಚೋಕೇ ಆಗಲ್ಲ. ಮೇಲಿಂದಲೇ ‘ಅತ್ತಿಗೇ’ ಅಂತ ಎರಡು ಸಲ ಕೂಗಿದೆ. ಉತ್ತರ ಇಲ್ಲ, ವಾಪಸ್ ಬಂದೆ. ಪಾಪ, ಅತ್ತಿಗೆಗೆ ಹೀಗಾಗಬಾರದಿತ್ತು.” ಮಂಡಿ ನಿಜವಾಗಿಯೂ ಊದಿತ್ತು. ನನಗೆ ಅವರ ಮೇಲೆ ಮರುಕ ಹುಟ್ಟಿತು.

ಹಿಂತಿರುಗುವಾಗ ಅಕ್ಕ ಬಂದರು ಕಚೇರಿಗೆ ಮತ್ತೆ ಹೊಕ್ಕು, ಗೋಡೆಗೆ ನೇತುಹಾಕಿದ್ದ ಹಾಳೆಯೊಂದರ ಎದುರು ಕನ್ನಡಕ ಏರಿಸಿ ನಿಂತಳು. “ನಾಳೆ ಎರಡೂವರೆಗೆ ಮೂವರನ್ನೂ ಬೋಟಿಗೆ ಕರಿ,” ಎಂದಳು. “ಎರಡೂವರೆಗೇ. ನಾಲ್ಕಕ್ಕೆ ಬೇಡ.” ಯಾಕೆಂದು ಕೇಳಿದರೆ ಅವಳು ಹೇಳುವವಳಲ್ಲ, ನಾನು ಕೇಳಲಿಲ್ಲ.

ಮರುದಿನ ಶುಕ್ರವಾರ ಆ ಪುಟ್ಟ ಕ್ಯಾಬಿನ್ನಿನಲ್ಲಿ ಆರು ಜನ ಮಂಡಿಗೆ ಮಂಡಿ ತಾಗಿಸಿ ಕೂತೆವು. ಮಾಸ್ತರು ಕೊನೆಗೆ ಬಂದರು. ಕೊಡೆ ಮಡಚಿ, ಚೀಲ ಹೆಗಲಿಗೇರಿಸಿ, ಜೆಟ್ಟಿಯಿಂದ ಡೆಕ್ಕಿಗೆ ಕಾಲಿಟ್ಟು ಒಳಗೆ ಬಂದು ಕೂತರು. ಗೋಡೆಯ ಮೊಳೆಗಳಿಗೆ ಎರಡು ಲೋಟ ತೂಗುಹಾಕಿತ್ತು.

“ಮಾಸ್ತರೇ, ಏಣಿ ಇಳಿಯೋಕೆ ತೊಂದರೆ ಆಯ್ತಾ?” ಎಂದಳು ಅಕ್ಕ.

“ಏಣಿ ಎಲ್ಲಿ? ಒಂದೇ ಹೆಜ್ಜೆ...” ಎಂದವರು ಅಲ್ಲಿಗೇ ನಿಂತರು.

“ನೀರು ಈಗ ತುಂಬಿದೆ, ಅದಕ್ಕೆ. ಬುಧವಾರವೂ ಹೀಗೇ ತುಂಬಿತ್ತು. ಮೇಸ್ತ್ರಿ ಕೈತುಂಬ ಪಂಪ್ ಹಿಡಿದು ಏಣಿ ಇಳಿಯೋಕಾಗಲ್ಲ, ಒಂದೇ ಹೆಜ್ಜೆ ಅಂದ. ಅದಕ್ಕೆ ಅರ್ಧ ಗಂಟೆ ಮುಂಚೆ ಬೋಟು ಆಳದಲ್ಲಿತ್ತು ಅಂತ ನೀವಂದ್ರಿ. ಸಮುದ್ರ ಅರ್ಧ ಗಂಟೇಲಿ ಆಳೆತ್ತರ ಏರಲ್ಲ. ಇಬ್ಬರಲ್ಲಿ ಒಬ್ಬರದು ಸುಳ್ಳು. ಬಂದರು ಕಚೇರಿಯ ಉಬ್ಬರವಿಳಿತದ ಹಾಳೆ ನೋಡಿದೆ. ಬುಧವಾರ ಉಬ್ಬರ ಹನ್ನೆರಡು ಐವತ್ತಕ್ಕೆ.”

ಮಾಸ್ತರು ಕೊಡೆಯ ಹಿಡಿ ತಿರುಗಿಸುತ್ತಿದ್ದರು. “ನೀರಿಗೂ ಟೈಂ ಟೇಬಲ್ ಇದೆಯಾ?” ಎಂದು ಮೆಲ್ಲಗೆ ಕೇಳಿದರು. ಇಡೀ ಆಯುಷ್ಯ ಗಾಡಿಯ ವೇಳೆ ಬರೆದಿಟ್ಟ ಮನುಷ್ಯ. ಇಳಿದುಹೋದ ನೀರಿಗೆ ಸಾಕ್ಷಿ ಇರುವುದಿಲ್ಲವೆಂದು ನಂಬಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಬೋಟಿನಮ್ಮ ಮೈದುನನನ್ನೇ ನೋಡುತ್ತಿದ್ದರು. “ನೀನ್ಯಾಕೋ ಕದೀತೀಯ? ಕೇಳಿದ್ರೆ ನಾನೇ ಕೊಡ್ತಿದ್ದೆ.”

“ಕೇಳಿಸಿಕೊಳ್ಳೋಕೆ ಅಲ್ಲ ಕದ್ದಿದ್ದು, ನಿಮಗೆ ಕೇಳಿಸಬಾರದು ಅಂತ,” ಎಂದಳು ಅಕ್ಕ. “ಆ ಲೋಟ ನೋಡಿ. ಯಾರಾದ್ರೂ ಬಂದಿದ್ರೆ ಕೈಗೆ ಸಿಕ್ಕ ಲೋಟದಲ್ಲಿ ಕೊಡ್ತಿದ್ರು. ಪೆಟ್ಟಿಗೆ ತಳದಿಂದ ನಿಮ್ಮ ಲೋಟವನ್ನೇ ಹುಡುಕಿ ತೆಗೆದಿದ್ದಾರೆ ಅಂದ್ರೆ, ಬರಬೇಕಾಗಿದ್ದವರು ನೀವೇ. ಬರ್ತೀರಿ ಅಂತ ಅವರಿಗೆ ಯಾಕೆ ಅನ್ನಿಸ್ತು? ನಿಮಗೆ ಹೇಳಿಕಳಿಸಿದ್ರು. ನಿಮ್ಮ ಮನೇಲಿ ಆಗ ಫೋನ್ ಇತ್ತಾ?”

“ಇರಲಿಲ್ಲ.”

“ಸ್ಟೇಷನ್ನಲ್ಲಿ ಇರುತ್ತೆ.”

ಮಾಸ್ತರು ಕೊಡೆಯನ್ನು ಕಾಲಬುಡದಲ್ಲಿಟ್ಟರು.

“ಸಾಯಂಕಾಲ ಐದಕ್ಕೆ ಅಣ್ಣ ಫೋನ್ ಮಾಡಿದ,” ಎಂದರು ಮಾಸ್ತರು. “ಎದೇಲಿ ಒಂಥರಾ ಆಗ್ತಿದೆ, ಅವಳಿಗೆ ಹೇಳಿ ರಾತ್ರಿ ಗಾಡಿಗೆ ಹತ್ತಿಸು ಅಂದ. ಜಗಳ ಆದಾಗೆಲ್ಲ ಅವನಿಗೆ ತಲೆನೋವು, ಹೊಟ್ಟೆನೋವು ಬರ್ತಿತ್ತಲ್ಲ ಅತ್ತಿಗೆ. ರಾಜಿಗೆ ನೆಪ ಅಂದುಕೊಂಡೆ. ಡ್ಯೂಟಿ ಮುಗಿದಾಗ ಸುಸ್ತಾಗಿತ್ತು, ಬೆಳಗ್ಗೆ ಹೇಳಿದ್ರಾಯ್ತು ಅಂತ ಮಲಗಿದೆ. ಬೆಳಗ್ಗೆ ತಂತಿ ಬಂತು. ಆಮೇಲೆ ಹೇಗೆ ಹೇಳಲಿ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಎರಡು ವರ್ಷ ಆಯ್ತು. ಒಂದೊಂದು ಬಂದರಿಂದ ನೀವು ಕಾಗದ ಬರೆದಾಗ್ಲೂ ಕೊನೇದು ಹತ್ತಿರ ಬರ್ತಿದೆ ಅಂತ ನಿದ್ದೆ ಬರ್ತಿರಲಿಲ್ಲ.”

ಅವರು ಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ತುಕ್ಕು ಹಿಡಿದ ಸ್ಕ್ರೂಗಳ ಕ್ಯಾಸೆಟ್. “ಎರಡು ಸಲ ಸಮುದ್ರಕ್ಕೆ ಎಸೆಯೋಕೆ ಹೋದೆ. ಅಣ್ಣನ ದನಿ, ಕೈ ಬರಲಿಲ್ಲ. ಕೇಳೋಕೂ ಧೈರ್ಯ ಆಗಲಿಲ್ಲ.” ಹೊಸ ಕ್ಯಾಸೆಟ್ಟನ್ನು ತಮ್ಮೂರಿನಿಂದಲೇ ತಂದಿದ್ದರಂತೆ. ನನ್ನ ಅಂಗಡಿಯಲ್ಲಿ ಕೊಂಡಿದ್ದರೆ ಕೇಸು ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ಬೋಟಿನಮ್ಮ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡರು. “ರಾತ್ರಿ ಗಾಡಿ ಹತ್ತಿದ್ರೆ ಬೆಳಗಾಗೋದ್ರೊಳಗೆ ಅಲ್ಲಿರ್ತಿದ್ದೆ,” ಎಂದರು, ಯಾರಿಗೂ ಅಲ್ಲದಂತೆ. ಮಾಸ್ತರು ತಲೆ ತಗ್ಗಿಸಿದರು. ನಾನು ರೆಕಾರ್ಡರನ್ನು ಮುಂದೆ ಸರಿಸಿದೆ. ಆಕೆ ಕೈ ಅಡ್ಡ ಹಿಡಿದರು.

“ಇಲ್ಲಿ ಬೇಡ. ಒಂದು ಸಲ ಆತುರಪಟ್ಟಿದ್ದು ಸಾಕು, ಇನ್ನೊಂದು ಬಂದರು ಬಾಕಿ ಇದೆ. ಮೇಸ್ತ್ರಿ, ಪಂಪ್ ಕೂರಿಸಿ.” ಆಮೇಲೆ ಮೈದುನನ ಕಡೆ ತಿರುಗಿದರು. “ನೀನು ಏಳಬೇಡ, ಇಲ್ಲೇ ಕೂತಿರು. ಅವತ್ತು ನನ್ನನ್ನ ಕಳಿಸಬೇಕಾಗಿದ್ದ ಜಾಗಕ್ಕೆ ಈಗ ಜೊತೇಲಿ ಬಾ. ಇಬ್ಬರೂ ಕೇಳೋಣ. ನಿನ್ನನ್ನ ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡ.”

ಮರುದಿನ ಬೆಳಗ್ಗೆ ಬೋಟು ಹೊರಟಿತು. ಆಕೆ ಚುಕ್ಕಾಣಿಯಲ್ಲಿ, ಮಾಸ್ತರು ಮುಂದುಗಡೆ ಹಗ್ಗ ಸುತ್ತುತ್ತಾ ಬೆನ್ನು ಹಾಕಿ ಕೂತಿದ್ದರು. ಅಕ್ಕನೂ ನಾನೂ ಜೆಟ್ಟಿಯ ತುದಿಯಲ್ಲಿ ನಿಂತು, ಅದು ಚುಕ್ಕೆಯಾಗುವವರೆಗೆ ನೋಡಿದೆವು.

ಹನ್ನೆರಡು ದಿನದ ಮೇಲೆ ಒಂದು ಕಾರ್ಡು ಬಂತು. ಅಕ್ಕನ ಹೆಸರಿಗೆ ಬಂದಿದ್ದರೂ ಮೊದಲು ಓದಿದವನು ನಾನೇ.

“ಕೇಳಿದೆವು. ಗಾಳಿ, ಡೀಸೆಲ್ ಎಲ್ಲಾ ಹೇಳಿದ ಮೇಲೆ ಅವರು ಹೇಳಿದ್ದು ಇಷ್ಟು: ‘ತಮ್ಮನಿಗೆ ಫೋನ್ ಮಾಡಿದೆ. ಅವನು ಹೇಳೋದು ಮರೆತರೂ ಮರೆತಾನು, ಪಾಪ, ಡಬಲ್ ಡ್ಯೂಟಿಯಂತೆ. ಅವಳು ನಾಳೆ ಬಂದರೆ ಬಿಳಿಯೇ ಬಳಿಯೋಣ. ಬರದಿದ್ದರೆ ನಾಳಿದ್ದು ನಾನೇ ಮನೆಗೆ ಹೊರಡುತ್ತೇನೆ.’ ಮೈದುನ ಇನ್ನೂ ಇಲ್ಲೇ ಇದ್ದಾನೆ. ಬೋಟಿಗೆ ಬಿಳಿ ಬಳಿಯುತ್ತಿದ್ದಾನೆ. ನನಗೆ ಬೇಕಾಗಿದ್ದ ಬಣ್ಣ ಅದು.”

ಸಂಜೆ ಅಂಗಡಿ ಮುಚ್ಚಿ ಚಹಾ ಮಾಡಿದೆ. ಒಲೆಯ ಪಕ್ಕ ನಿಂತೇ ಕುಡಿಯುವುದು ನನ್ನ ರೂಢಿ. ಆ ದಿನ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, ಎರಡು ಲೋಟ ಹಿಡಿದು ಮಹಡಿ ಹತ್ತಿದೆ. ಅಕ್ಕ ಬಾಗಿಲು ತೆಗೆದು ಲೋಟಗಳನ್ನು ನೋಡಿದಳು, ಏನೂ ಪತ್ತೆ ಮಾಡಲು ಹೋಗದೆ ಕುರ್ಚಿ ಎಳೆದು ಕೊಟ್ಟಳು.