ಕುಸುಬಿ ಹೊಲದ ಲಾವಕ್ಕಿ

ಕುಡುಗೋಲು ತಾಗಿದ್ದು ಜೋಳದ ದಂಟಿಗಲ್ಲ, ಯಾವುದೋ ಜೀವಕ್ಕೆ ಎಂದು ಶೇವಂತಾಗೆ ಕೈಯಲ್ಲೇ ಗೊತ್ತಾಯಿತು.

ಹೊಲವನ್ನು ನಾಲ್ಕೂ ಕಡೆಯಿಂದ ಕೊಯ್ಯುತ್ತ ಬಂದರೆ ಕೊನೆಗೆ ನಡುವೆ ಒಂದು ಮಂಚದಷ್ಟು ಬೆಳೆ ಉಳಿಯುತ್ತದೆ. ಓಡಲು ದಾರಿ ಸಿಗದ ಲಾವಕ್ಕಿಗಳೆಲ್ಲ ಅದರೊಳಗೆ ಹೊಕ್ಕು ಉಸಿರು ಬಿಗಿಹಿಡಿದು ಕುಳಿತಿರುತ್ತವೆ. ಅದಕ್ಕೇ ಕೊನೆಯ ಸಾಲಿಗೆ ಕೈಹಾಕುವ ಮುಂಚೆ ಚಪ್ಪಾಳೆ ತಟ್ಟಿ ಅವನ್ನು ಎಬ್ಬಿಸುವುದು ಯೆಣೆಗೂರಿನ ರೂಢಿ. ಆ ದಿನ ಶೇವಂತಾ ಮರೆತಳು. ಮನಸ್ಸು ಎಲ್ಲೋ ಹೋಗಿತ್ತು ಎನ್ನೋಣವೆಂದರೆ, ಪಾಪ, ಆಕೆಯ ಮನಸ್ಸು ಏಳು ಸುಗ್ಗಿಗಳಿಂದ ಎಲ್ಲಿಗೂ ಹೋದದ್ದಿಲ್ಲ.

ಹಿಂಡು ಬುರ್ರೆಂದು ಎದ್ದಿತು. ಒಂದು ಮಾತ್ರ ಏಳಲಿಲ್ಲ. ರೆಕ್ಕೆ ಎಳೆಯುತ್ತ ಬದುವಿನ ಕಡೆ ಓಡಿತು, ಅದರ ಹಿಂದೆ ಆಕೆ ಓಡಿದಳು. ಬದುವಿನ ಮೇಲೆ ಸೈಕಲ್ ನಿಲ್ಲಿಸಿದ್ದ ಒಬ್ಬ ಗಂಡಸು ಅಷ್ಟರಲ್ಲಿ ಟವೆಲ್ ಹಾಕಿ ಅದನ್ನು ಹಿಡಿದೇಬಿಟ್ಟಿದ್ದ. ಅವನ ಅಂಗಿಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ ತೂಗುತ್ತಿತ್ತು.

"ಬಿಡ್ರಿ ಅದಕ್ಕ!" ಶೇವಂತಾ ಕೂಗಿದಳು. "ಕೊರಳಾಗ ಲಿಂಗ ಕಟ್ಕೊಂಡು ಹಕ್ಕಿ ತಿಂತೀರೇನು? ನಾಚಿಕಿ ಇಲ್ಲ?"

"ಲಿಂಗ ನನ್ನ ಕೊರಳಾಗ ಅದ, ಖರೆ," ಎಂದ ಅವನು ನಗುತ್ತ, ನಿಧಾನಕ್ಕೆ. "ಕುಡುಗೋಲು ಯಾರ ಕೈಯಾಗ ಅದ?"

ಶೇವಂತಾ ಕುಡುಗೋಲು ನೋಡಿಕೊಂಡಳು. ತುದಿಯಲ್ಲಿ ರಕ್ತವಿತ್ತು. ಆಕೆಯ ಮುಖ ಇಳಿದದ್ದು ಕಂಡು ಅವನ ನಗು ತಾನೇ ನಿಂತಿತು.

"ಹೆದರಬ್ಯಾಡ್ರಿ, ಸತ್ತಿಲ್ಲ. ನಾ ದಿಗಂಬರ ಅಂತ, ಮುರುಮದ ದನದ ದವಾಖಾನಿ ಕಂಪೌಂಡರ್. ಮನ್ಮಥಪ್ಪನವರ ಎತ್ತಿಗೆ ಸೂಜಿ ಮಾಡ್ಲಿಕ್ಕೆ ಹೊಂಟೀನಿ. ಎತ್ತಿಗಿಂತ ಮೊದಲ ಈ ಸಾಹೇಬರದ ಇಲಾಜ್ ಆಗ್ಲಿ. ಹಿಡೀರಿ. ಬಿಗಿ ಬ್ಯಾಡ, ಸಡ್ಲೂ ಬ್ಯಾಡ."

ಆಕೆ ಎರಡೂ ಕೈ ಜೋಡಿಸಿ ಹಿಡಿದಳು. ಹಕ್ಕಿಯ ಎದೆ ಅಂಗೈಯಲ್ಲಿ ಡವಡವ ಹೊಡೆಯುತ್ತಿತ್ತು. ಅವನು ಗಾಯಕ್ಕೆ ಟಿಂಚರ್ ಹಚ್ಚಿ, ಚೀಲದ ಬಟ್ಟೆಪಟ್ಟಿಯಿಂದ ರೆಕ್ಕೆಯನ್ನು ಮೈಗೆ ಸೇರಿಸಿ ಸುತ್ತಿದ. ಸುತ್ತುವಾಗ ಬೆರಳು ಬೆರಳಿಗೆ ತಾಗದಂತೆ ಎಷ್ಟು ಜೋಪಾನ ಮಾಡಿದನೆಂದರೆ, ಆ ಜೋಪಾನವೇ ಆಕೆಗೆ ತಾಗಿತು. ಮುಖ ಒಂದು ಸಲವೂ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಎತ್ತಿನವರು ನಮ್ಮ ಮಾವನವರೇ," ಎಂದಳು ಆಕೆ. ಯಾಕೆ ಹೇಳಿದಳೋ, ಹೇಳಿದ ಮೇಲೆ ಬೇಸರವಾಯಿತು.

ಮನೆಯಲ್ಲಿ ಎತ್ತಿಗೆ ಸೂಜಿ ಚುಚ್ಚಿ ಕೈ ತೊಳೆಯುವ ಹೊತ್ತಿಗೆ ಊಟದ ವೇಳೆಯಾಗಿತ್ತು. ಅತ್ತೆ ಪ್ರಯಾಗಬಾಯಿ ಪಡಸಾಲೆಯಲ್ಲಿ ಮಣೆ ಹಾಕಿ, ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ, ಮೊಸರು ಬಡಿಸಿ ಲೋಟಕ್ಕೆ ನೀರು ಇಟ್ಟಳು.

"ಈ ತಾಟು ಯಾರದ್ರೀ?" ದಿಗಂಬರ ಕೇಳಿದ.

"ನನ್ನ ಮಗಂದು. ಬರ್ತಾನ," ಎಂದಳು ಪ್ರಯಾಗಬಾಯಿ.

ಮನೆಯ ಮಗ ಬರುವ ಮುಂಚೆ ಹೊರಟುಹೋದರೆ ಮರ್ಯಾದೆಯಲ್ಲ ಎಂದು ಅವನು ಕಟ್ಟೆಯ ಮೇಲೆ ಕುಳಿತ. ಅರ್ಧ ತಾಸು ಕಳೆಯಿತು, ಒಂದು ತಾಸು ಕಳೆಯಿತು. ರೊಟ್ಟಿ ಒಣಗಿ ಅಂಚು ಎದ್ದಿತು. ಒಳಬಾಗಿಲಲ್ಲಿ ನಿಂತ ಶೇವಂತಾಗೆ ನಗುವೂ ಬಂತು, ಅದಕ್ಕಿಂತ ಹೆಚ್ಚು ಅಳು ಬಂತು. ಅವನು ಮೂರನೆಯ ಸಲ ಬಾಗಿಲ ಕಡೆ ನೋಡಿದಾಗ ಮನ್ಮಥಪ್ಪ ಅವನನ್ನು ಸೈಕಲ್‌ವರೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು.

"ತಮ್ಮಾ, ಅಂವಾ ಬರಂಗಿಲ್ಲ. ನನ್ನ ಮಗ ವೀರಭದ್ರ. ರಜಾಕಾರರ ಗದ್ದಲದಾಗ ಸೋಲಾಪುರ ಕಡಿ ಹೋರಾಟದವರ ಕ್ಯಾಂಪಿಗಿ ಹೋದ. ಎಂಟು ದಿನದಾಗ ಬರ್ತೀನಿ ಅಂದಿದ್ದ. ಪೊಲೀಸ್ ಆ್ಯಕ್ಷನ್ ಆಯ್ತು, ಹೋದವರೆಲ್ಲ ಬಂದ್ರು. ಅಂವಾ ಬರಲಿಲ್ಲ. ಈಕಿ ದಿನಾ ತಾಟು ಹಾಕ್ತಾಳ."

"ಮತ್ತ ಆ ತಾಟು?"

"ಸೊಸಿ ಉಣ್ಣತಾಳ. ಗಂಡನ ತಾಟಿನಾಗ."

ದಿಗಂಬರ ತಿರುಗಿ ನೋಡಿದ. ಶೇವಂತಾ ಆ ಒಣ ರೊಟ್ಟಿ ಮುರಿಯುತ್ತಿದ್ದಳು. ಹದಿನಾಲ್ಕು ತಿಂಗಳು ಸಂಸಾರ ಮಾಡಿದ ಗಂಡನ ಮುಖ ನೆನಪಿಸಿಕೊಳ್ಳಲು ಈಗ ಆಕೆ ಕಣ್ಣು ಮುಚ್ಚಬೇಕಾಗುತ್ತಿತ್ತು. ವಿಧವೆಯಲ್ಲ, ಆದ್ದರಿಂದ ತವರಿಗೆ ಕಳಿಸುವಂತಿಲ್ಲ. ಮುತ್ತೈದೆ, ಆದರೆ ಗಂಡನಿಲ್ಲ. ಇಪ್ಪತ್ತನಾಲ್ಕರ ವಯಸ್ಸಿಗೆ ಆಕೆಯ ಜಗತ್ತು ಆ ಪಡಸಾಲೆಯಿಂದ ಹೊಲದವರೆಗೆ, ಹೊಲದಿಂದ ಪಡಸಾಲೆಯವರೆಗೆ.

ಲಾವಕ್ಕಿಗೆ ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿಯ ಮನೆಯಾಯಿತು.

"ಮ್ಯಾಲೆ ಮೆತ್ತನ್ನ ಅರಿವಿ ಕಟ್ರಿ," ಎಂದು ದಿಗಂಬರ ಕಲಿಸಿದ್ದ. "ಇದು ಹೆದರಿದ್ರ ನೆಟ್ಟಗ ಮ್ಯಾಲಕ್ಕ ಜಿಗೀತದ. ಗಟ್ಟಿ ಮುಚ್ಚಳ ಇದ್ರ ತಲಿ ಒಡಕೋತದ."

ಮೂರು ದಿನಕ್ಕೊಮ್ಮೆ ಅವನು ಬರತೊಡಗಿದ. ಎತ್ತು ನೆಟ್ಟಗಾಗಿತ್ತು, ಆದರೂ ಮೊದಲು ಎತ್ತಿನ ಮೈ ಸವರಿ, ಆಮೇಲೆ ದೊಡ್ಡ ಡಾಕ್ಟರನಂತೆ ಬುಟ್ಟಿಯ ಮುಂದೆ ಕೂಡುತ್ತಿದ್ದ.

"ನವಣಿ ತಿಂತಾನ?"

"ಗೆದ್ದಲ ಕೊಟ್ರ ತಿಂತಾನ. ನವಣಿ ಕೊಟ್ರ ನಿಮ್ಮಂಗ ಮುಖ ತಿರುವ್ತಾನ."

"ನಾ ಯಾವಾಗ ಮುಖ ತಿರುವೀನಿ?"

"ಯಾವಾಗ ಇತ್ತಕಡಿ ನೋಡೀರಿ?"

ಅವನು ನೋಡಿದ. ನೋಡಬಾರದಿತ್ತು. ಶೇವಂತಾ ನವಣೆಯ ಬಟ್ಟಲನ್ನು ಸುಮ್ಮನೆ ಅಲ್ಲಿಂದ ಇಲ್ಲಿಗೆ ಸರಿಸಿದಳು, ಮತ್ತೆ ಇಲ್ಲಿಂದ ಅಲ್ಲಿಗೆ ಸರಿಸಿದಳು. ಅವನು ಹೋದ ಮೇಲೆ ಮುಂದಿನ ಮೂರು ದಿನಗಳಿಗೆ ಮೂವತ್ತು ದಿನಗಳ ಉದ್ದ ಬರುತ್ತಿತ್ತು. ಅವನ ಸೈಕಲ್ ಗಂಟೆ ಓಣಿಯ ತಿರುವಿನಲ್ಲಿ ಕೇಳಿದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಆಮೇಲೆ ತನಗೆ ತಾನೇ ಬೈದುಕೊಳ್ಳುತ್ತಿದ್ದಳು. ಪ್ರೀತಿ ಎಂದು ಅದಕ್ಕೆ ಹೆಸರಿಡಲು ಭಯ. ಹೆಸರಿಟ್ಟರೆ ಅದನ್ನು ಎಲ್ಲಿ ಇಡುವುದು?

ಕೆಟ್ಟದ್ದೆಂದರೆ ಪ್ರಯಾಗಬಾಯಿಗೂ ಹಕ್ಕಿಯ ಹುಚ್ಚು ಹಿಡಿಯಿತು. ಮುಂಜಾನೆ ಬುಟ್ಟಿಯ ಮುಂದೆ ಕುಳಿತು, "ನಮ್ಮ ವೀರೂನೂ ಹಿಂಗ ಕುಂದರ್ತಿದ್ದ, ಮೂಲ್ಯಾಗ," ಎನ್ನುವಳು. ಇಪ್ಪತ್ತನೆಯ ದಿನ ದಿಗಂಬರ ಪಟ್ಟಿ ಬಿಚ್ಚಿ, ರೆಕ್ಕೆ ಎಳೆದು ನೋಡಿ, "ಆರಾಮಾಗ್ಯಾನ. ಇನ್ನ ಬಿಡಬಹುದು," ಎಂದಾಗ ಆಕೆ ಬುಟ್ಟಿಯ ಮೇಲೆ ಕೈಯಿಟ್ಟಳು.

"ಬಿಡಂಗಿಲ್ಲ. ವೀರೂ ಬರೋತನಾ ಇದು ಇಲ್ಲೇ ಇರ್ತದ. ಬಂದ ಜೀವ ಕಳಿಸಿದ್ರ ಹೋದ ಜೀವ ಬರಂಗಿಲ್ಲ."

ಹೊರಗೆ ಬಂದು ಸೈಕಲ್ ಹಿಡಿದ ದಿಗಂಬರನ ಹಿಂದೆ ನೀರಿನ ಕೊಡದ ನೆಪ ಮಾಡಿ ಶೇವಂತಾ ಬಂದಳು.

"ಇದರ ಹಿಂಡು ನಿಮ್ಮ ಕುಸುಬಿ ಹೊಲದಾಗ ಅದ," ಅವನು ನೆಲ ನೋಡುತ್ತ ಹೇಳಿದ. "ಊರಾಗ ನಿಂತ ಬೆಳಿ ಅದೊಂದ ಉಳದದ. ಮುಳ್ಳಿನೊಳಗ ಅಡಗ್ಯಾವ. ಸೋಮವಾರ ಕೊಯ್ದ್ರ ಹಿಂಡು ಎಲ್ಲಿ ಹೋಗ್ತದೋ ದೇವರಿಗೇ ಗೊತ್ತು. ಇನ್ನ…" ಅವನು ಸೈಕಲ್ ಗಂಟೆಯ ಧೂಳು ಒರೆಸಿದ. "ಇನ್ನ ನನ್ನ ಬದಲಿ ಆಗ್ಯದ. ಉದಗೀರದ ಆಚಿ, ಜಳಕೋಟಕ್ಕ. ಗುರುವಾರ ಹೋಗ್ಬೇಕು."

ಶೇವಂತಾಗೆ ಕೊಡ ಭಾರವೆನಿಸಿತು. ಅದು ಖಾಲಿ ಇತ್ತು.

"ನಾಳಿ ಮುಂಜಾನೆ ಹೊಲಕ್ಕ ಬರ್ರಿ," ಎಂದಷ್ಟೇ ಹೇಳಿದಳು.

ರವಿವಾರ ಬೆಳಕು ಹರಿಯುವಾಗ ಆಕೆ ಹಕ್ಕಿಯನ್ನು ಸೆರಗಿನಲ್ಲಿಟ್ಟುಕೊಂಡು ಕುಸುಬಿಯ ಅಂಚಿಗೆ ಬಂದಳು. ಅವನು ಮೊದಲೇ ಬಂದು ಕುಳಿತಿದ್ದ. ಒಳಗಿನಿಂದ ಹಿಂಡು ಕರೆಯುತ್ತಿತ್ತು, ಸಣ್ಣಗೆ, ಒಂದರ ಹಿಂದೊಂದು. ಮುಂಜಾನೆ ಚದುರಿದವರನ್ನೆಲ್ಲ ಒಟ್ಟು ಮಾಡುವ ಕರೆ ಅದು. ಬುಟ್ಟಿಯೊಳಗಿನಿಂದ ದಿನವೂ ಇದಕ್ಕೆ ಉತ್ತರ ಬರುತ್ತಿದ್ದದ್ದು ಶೇವಂತಾಗೆ ಗೊತ್ತಿತ್ತು.

ನೆಲಕ್ಕೆ ಕೈಯಿಟ್ಟು ಬೆರಳು ಬಿಡಿಸಿದಳು. ಹಕ್ಕಿ ಅಂಗೈಯಲ್ಲೇ ಕುಳಿತಿತು. ಬಾಗಿಲು ತೆರೆದದ್ದು ಅದಕ್ಕೆ ತಿಳಿದಂತಿರಲಿಲ್ಲ.

"ಹೋಗು," ಎಂದಳು. "ಹೋಗೋ ಮಾರಾಯ. ನಿನ್ನವರು ಕರೀಲಿಕತ್ತಾರ."

ಹಿಂಡು ಮತ್ತೆ ಕರೆಯಿತು. ಹಕ್ಕಿ ಕತ್ತು ಎತ್ತಿತು, ಉತ್ತರ ಕೊಟ್ಟಿತು, ಅಂಗೈಯಿಂದ ಇಳಿಯಿತು. ಹಾರುತ್ತದೆ ಎಂದುಕೊಂಡಿದ್ದಳು. ಅದು ಹಾರಲಿಲ್ಲ, ನಡೆದುಕೊಂಡು ಹೋಯಿತು. ಎರಡು ಹೆಜ್ಜೆಗೊಮ್ಮೆ ನಿಂತು, ಮತ್ತೆ ನಡೆದು, ಮುಳ್ಳಿನ ಗಿಡಗಳ ಬುಡದಲ್ಲಿ ಮರೆಯಾಯಿತು. ಒಳಗೆ ಸ್ವಲ್ಪ ಗದ್ದಲವಾಯಿತು, ಆಮೇಲೆ ಯಾವುದು ಯಾರ ದನಿ ಎಂದು ಗುರುತಾಗಲಿಲ್ಲ.

"ಸೇರಿಕೊಂಡ," ಎಂದ ದಿಗಂಬರ. ಈ ಸಲ ಅವನು ಮುಖ ತಿರುಗಿಸಲಿಲ್ಲ. "ನಿಮಗ ಬಾ ಅಂತ ಕರಿಯೋ ಅಧಿಕಾರ ನನಗಿಲ್ಲ. ಆದ್ರ ಮನಸಿನಾಗ ದಿನಾ ಕರೀತೀನಿ."

"ಕೇಳಸ್ತದ," ಎಂದಳು ಶೇವಂತಾ. "ದಿನಾ ಕೇಳಸ್ತದ. ನಿಮ್ಮ ಮ್ಯಾಲೆ ಜೀವ ಇಟ್ಟೀನಿ, ಸುಳ್ಳು ಯಾಕ ಹೇಳಲಿ? ಆದ್ರ ಓಡಿ ಬರಂಗಿಲ್ಲ. ಆ ಮುದುಕಿಗಿ ಒಬ್ಬ ಹೋಗಿ ತಿರುಗಿ ಬರದಂಗಾಗ್ಯದ, ನಾನೂ ಹೇಳದ ಹೋಗಂಗಿಲ್ಲ. ಆಕಿ ಕಳಿಸಿದ್ರ ಬರ್ತೀನಿ."

"ಕಳಿಸದಿದ್ರ?"

ಆಕೆ ಖಾಲಿ ಸೆರಗು ಕೊಡವಿ ಎದ್ದಳು. ಉತ್ತರ ಇಬ್ಬರಿಗೂ ಗೊತ್ತಿತ್ತು.

ಮನೆಗೆ ಬಂದಾಗ ಪ್ರಯಾಗಬಾಯಿ ಖಾಲಿ ಬುಟ್ಟಿಯ ಮುಂದೆ ಕುಳಿತಿದ್ದಳು.

"ಯಾರಿಗಿ ಕೇಳಿ ಬಿಟ್ಟಿ?"

"ಯಾರಿಗೂ ಕೇಳಲಿಲ್ಲ ಅತ್ತೀ. ಕೇಳಿದ್ರ ಬ್ಯಾಡ ಅಂತಿದ್ರಿ." ಶೇವಂತಾ ಆಕೆಯ ಎದುರಿಗೆ ಕುಳಿತಳು. "ಅದಕ್ಕ ತನ್ನವರಿದ್ರು. ನನಗೂ ಒಬ್ಬರು ಅದಾರ. ಕಂಪೌಂಡರ್. ಅವರು ನನಗ ಒಂದು ಮಾತು ಕೆಟ್ಟದ್ದು ಆಡಿಲ್ಲ. ನಾ ಅವರ ಸಂಗಟ ಬಾಳ್ವಿ ಮಾಡ್ಬೇಕಂತೀನಿ. ನೀವು ಹೂಂ ಅಂದ್ರ ಹೋಗ್ತೀನಿ, ಇಲ್ಲಂದ್ರ ಇಲ್ಲೇ ಸಾಯ್ತೀನಿ. ಆದ್ರ ಆ ತಾಟಿನಾಗ ಇನ್ನ ಉಣ್ಣಂಗಿಲ್ಲ."

ಪ್ರಯಾಗಬಾಯಿ ಕೈಯೆತ್ತಿದಳು. ಹೊಡೆಯುತ್ತಾಳೆಂದು ಶೇವಂತಾ ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ. ಕಣ್ಣು ತೆರೆದಾಗ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂರು ದಿನ ಹಾಗೇ ಮಲಗಿದಳು. ಮನೆಯಲ್ಲಿ ತಾಟೂ ಬೀಳಲಿಲ್ಲ, ಮಾತೂ ಬೀಳಲಿಲ್ಲ.

ಬುಧವಾರ ಮನ್ಮಥಪ್ಪ ಮಠದ ರಾಚಯ್ಯನವರನ್ನು ಕರೆತಂದರು. ಗಂಡ ತೀರಿದವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುವ ಉಡಿಕಿ ಆ ಕಡೆ ಹೊಸದೇನಲ್ಲ. ಆದರೆ ಗಂಡ ತೀರಿದ್ದಾನೆ ಎಂದು ಯಾರಾದರೂ ಹೇಳಬೇಕಲ್ಲ.

"ಪ್ರಯಾಗಾ," ಎಂದರು ರಾಚಯ್ಯ, "ಮಗ ಇಲ್ಲ ಅಂತ ತಾಯಿ ಬಾಯಿಲೆ ಬರಬೇಕು. ಆಮ್ಯಾಲೆ ಈಕಿ ಕೈಯಾಗಿನ ಬಳಿ ಒಡೀಬೇಕು. ಒಡದ ಮ್ಯಾಲೇ ಉಡಿಕಿ."

ಮುದುಕಿ ಎದ್ದು ಕುಳಿತಳು. ಒಳಗೆ ಹೋಗಿ ಕುಸುಬಿ ಎಣ್ಣೆಯ ಬಟ್ಟಲು ತಂದಳು. ಸೊಸೆಯ ಕೈ ತನ್ನ ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟಿಗೆ ಎಣ್ಣೆ ಸವರಿದಳು.

"ಒಡಿಯಂಗಿಲ್ಲ," ಎಂದಳು. "ನನ್ನ ಮಗ ತಂದ ಬಳಿ. ಹಂಗೇ ತೆಗೀತೀನಿ."

ಒಂದೊಂದೇ ಬಳೆ ಜಾರಿಸಿದಳು. ಬೆರಳ ಗೆಣ್ಣಿಗೆ ಬಂದಾಗ ನೋಯದಂತೆ ತಿರುಗಿಸುತ್ತಿದ್ದಳು. ಕೊನೆಯದು ಬಂದಾಗ ಮಡಿಲಿಗೆ ಹಾಕಿಕೊಂಡು, "ವೀರೂ ಇಲ್ಲ," ಎಂದಳು. ಆಮೇಲೆ ಏಳು ವರ್ಷದ ಅಳು ಅತ್ತಳು. ಶೇವಂತಾ ಆಕೆಯನ್ನು ಅಪ್ಪಿಕೊಂಡು ತಾನೂ ಅತ್ತಳು, ಗಂಡನಿಗಾಗಿ, ಮೊದಲ ಸಲ ಮನಸಾರೆ.

ಸಂಜೆ ದಿಗಂಬರ ಹೇಳಿಹೋಗಲು ಬಂದ. ಪ್ರಯಾಗಬಾಯಿ ಹೊಸ್ತಿಲಲ್ಲೇ ಅವನನ್ನು ತಡೆದಳು.

"ಸೀರಿ ತಗೊಂಡು ಯಾವತ್ತ ಬರ್ತಿ?"

ಅವನಿಗೆ ಮಾತು ತಿಳಿಯಲು ಒಂದು ಕ್ಷಣ ಬೇಕಾಯಿತು. "ಬರೋ ಶನಿವಾರ ಅಲ್ಲ, ಅದರಾಚಿ ಶನಿವಾರ. ಉಮರ್ಗಾದ ಮೊದಲನೇ ಮೋಟಾರಿಗೆ."

"ಬಾಯಿಮಾತು ನಾ ನಂಬಂಗಿಲ್ಲ, ತಮ್ಮಾ."

"ಖರೆ ಅದರೀ. ನಂಬಬ್ಯಾಡ್ರಿ. ಬಂದ ಮ್ಯಾಲೆ ನಂಬ್ರಿ."

ಆ ಹತ್ತು ದಿನ ಶೇವಂತಾಗೆ ಏಳು ವರ್ಷಕ್ಕಿಂತ ಇಕ್ಕಟ್ಟು. ಬರಿಗೈ ನೋಡಿ ನೆರೆಯವರು ದನಿ ತಗ್ಗಿಸುತ್ತಿದ್ದರು. ಈಗ ಆಕೆ ಈ ಮನೆಯವಳೂ ಅಲ್ಲ, ಆ ಮನೆಯವಳೂ ಅಲ್ಲ. ಬರದಿದ್ದರೆ? ಒಬ್ಬ ಹೋದವನ ದಾರಿ ಕಾದದ್ದು ಲೋಕದ ಕಣ್ಣಿಗೆ ಪುಣ್ಯವಾಗಿತ್ತು. ಇನ್ನೊಬ್ಬನ ದಾರಿ ಕಾಯುವುದಕ್ಕೆ ಯಾವ ಹೆಸರಿತ್ತು?

ಶನಿವಾರ ಮೊದಲನೆಯ ಮೋಟಾರಿನ ಹೊತ್ತು ಮೀರಿತು. ಮೋಟಾರೇ ಬರಲಿಲ್ಲ. ಬಿಸಿಲು ಏರಿತು. ಮನ್ಮಥಪ್ಪ, "ಒಳಗ ಬಾ, ನಿಂತು ನಿಂತು ಕಾಲು ಬಾತಾವು," ಎಂದು ಹೆಂಡತಿಯನ್ನು ಎರಡು ಸಲ ಕರೆದರು. ಪ್ರಯಾಗಬಾಯಿ ಅಂಗಳದಿಂದ ಕದಲಲಿಲ್ಲ. ಶೇವಂತಾ ಒಳಗೆ ಹಿಟ್ಟು ನಾದುತ್ತಿದ್ದಳು. ಎಷ್ಟು ನಾದಿದರೂ ಹಿಟ್ಟು ಕೈಗೆ ಅಂಟುತ್ತಲೇ ಇತ್ತು.

ದಾರಿಯಲ್ಲಿ ಮೋಟಾರಿನ ಟಯರು ಹರಿದು, ಮೂರು ಹರದಾರಿ ನಡೆದು, ಕೆಂಪು ಧೂಳಿನಲ್ಲಿ ಮುಳುಗಿ, ಎದೆಗೆ ಸೀರೆಯ ಗಂಟು ಅವಚಿಕೊಂಡು ಬರುತ್ತಿದ್ದ ಮನುಷ್ಯನನ್ನು ಮೊದಲು ಕಂಡವಳು ಪ್ರಯಾಗಬಾಯಿಯೇ. ಏಳು ವರ್ಷ ಅದೇ ದಾರಿ ನೋಡಿದ ಕಣ್ಣು ಅದು. ಒಂದು ಗಳಿಗೆ ಆಕೆಯ ಬಾಯಿಗೆ ವೀರೂನ ಹೆಸರೇ ಬಂತು. ಆಮೇಲೆ ಓಣಿಗೆಲ್ಲ ಕೇಳುವಂತೆ ಒಳಗೆ ಕೂಗಿದಳು.

"ಶೇವಂತಾ, ಹೊರಗ ಬಾರವ್ವಾ! ಬಂದಾನ!"