ಭುವನಾ ಕೇಳಿದ ಗೂಡು

“ಅಲ್ಲಲ್ಲ, ಅಲ್ಲಿ ನೋಡಬೇಡ. ಮೇಲೆ ನೋಡು ಭುವನಾ, ಮೇಲೆ!” ಎಂದರು ಸ್ಫೂರ್ತಿ ಮೇಡಂ.

ಭುವನಾ ಅಷ್ಟು ಹೊತ್ತೂ ಗೋಡೆಗಳನ್ನೇ ನೋಡುತ್ತಿದ್ದಳು. ಎಡಗಡೆಯ ಗೋಡೆ ಗಾಜು. ಬಲಗಡೆಯದೂ ಗಾಜು. ಎದುರಿನದು ಇನ್ನೂ ದೊಡ್ಡ ಗಾಜು. ಅದರಾಚೆ ಕಡೂರಿನ ರಸ್ತೆ, ಆಟೋ ಸ್ಟ್ಯಾಂಡು, ಎಳನೀರಿನ ಗಾಡಿ ಎಲ್ಲ ಕಾಣುತ್ತಿದ್ದವು. ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ ಎಂದು ಅವಳು ಹುಡುಕುತ್ತಲೇ ಇದ್ದಳು.

ಈಗ ಕತ್ತೆತ್ತಿದಳು.

ಹೊಸ ಲೈಬ್ರರಿಯ ಎರಡು ಮಹಡಿಯಷ್ಟು ಎತ್ತರದ ಹಾಲ್‌ನ ನಡುವೆ, ಛಾವಣಿಯಿಂದ ಒಂದು ಹಕ್ಕಿಗೂಡು ತೂಗುತ್ತಿತ್ತು. ಎತ್ತಿನಗಾಡಿಯಷ್ಟು ದೊಡ್ಡ ಹಕ್ಕಿಗೂಡು! ಬಗ್ಗಿಸಿದ ಸ್ಟೀಲ್ ಪೈಪುಗಳ ಸುತ್ತ ಬೆತ್ತ ಹೆಣೆದಿದ್ದರು. ಒಳಗಿನಿಂದ ಹಳದಿ ಬೆಳಕು ಸೋರುತ್ತಿತ್ತು. ಕೆಳಗೆ ಕಂಬದ ಮೇಲೆ ಒಂದು ಹಿತ್ತಾಳೆಯ ಫಲಕ: ‘ಗೂಡು. ಕಲ್ಪನೆ: ಭುವನಾ ಎಸ್., ನಾಲ್ಕನೇ ತರಗತಿ.’

ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದರು.

“ಹೇಗಿದೆ ನಿನ್ನ ಗೂಡು?”

ಭುವನಾ ಅಮ್ಮನನ್ನು ನೋಡಿದಳು. ಅಮ್ಮ ಹಿಂದಿನ ಸಾಲಿನಲ್ಲಿ ಎದ್ದು ನಿಂತು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೆಡ್ ಮೇಷ್ಟ್ರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು.

“ಚೆನ್ನಾಗಿದೆ ಮೇಡಂ,” ಎಂದಳು ಭುವನಾ.

ಅದು ಸುಳ್ಳೇನಲ್ಲ. ಗೂಡು ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ.

ಅವಳು ಕೇಳಿದ್ದು ಗೋಡೆಯ ಗೂಡು.

ಸಿಂಗಟಗೆರೆಯ ತಿಮ್ಮಕ್ಕಜ್ಜಿಯ ಮನೆಯಲ್ಲಿ ಎಲ್ಲ ಗೋಡೆಗಳಲ್ಲೂ ಗೂಡುಗಳಿವೆ. ದೀಪಕ್ಕೊಂದು, ಎಲೆಅಡಿಕೆ ಚೀಲಕ್ಕೊಂದು, ಬಾಚಣಿಗೆಗೊಂದು. “ಗೂಡಲ್ಲಿ ಬೆಂಕಿಪೊಟ್ಣ ಐತೆ, ತಗೊಂಬಾರೇ,” ಎಂದು ಅಜ್ಜಿ ಕೂಗಿದರೆ ಯಾರೂ ಮರ ಹತ್ತಿ ಹುಡುಕುವುದಿಲ್ಲ.

ಕಡೂರಿನ ಹಳೆಯ ಲೈಬ್ರರಿಯಲ್ಲೂ ಅಂಥದ್ದೊಂದು ಇತ್ತು. ಮಣ್ಣುಗಾರೆಯ ದಪ್ಪ ಗೋಡೆ. ಅದರಲ್ಲಿ, ನೆಲದಿಂದ ಎರಡು ಗೇಣು ಮೇಲೆ, ಕಮಾನಿನ ಗೂಡು. ಹಿಂದೆ ಅದರಲ್ಲಿ ಕಡತಗಳನ್ನು ಇಡುತ್ತಿದ್ದರಂತೆ. ಕಡತಗಳೆಲ್ಲ ಹೋದ ಮೇಲೆ ಅದರಲ್ಲಿ ಭುವನಾ ಕೂರುತ್ತಿದ್ದಳು. ಬೆನ್ನು ಒಂದು ಬದಿಗೆ, ಪಾದ ಇನ್ನೊಂದು ಬದಿಗೆ, ಮಂಡಿಯ ಮೇಲೆ ಪುಸ್ತಕ.

ಅಪ್ಪ ಲಾರಿ ಓಡಿಸುತ್ತಾನೆ. ಹೋದರೆ ಹತ್ತು ದಿನ ಬರುವುದಿಲ್ಲ. ಅಮ್ಮ ಯೂನಿಫಾರ್ಮ್ ಹೊಲಿಯುವ ಅಂಗಡಿಯಿಂದ ಬಿಡುವುದು ಆರು ಗಂಟೆಗೆ. ಸ್ಕೂಲು ಬಿಡುವುದು ನಾಲ್ಕಕ್ಕೆ. ನಡುವಿನ ಎರಡು ಗಂಟೆ ಭುವನಾ ಗೂಡಿನಲ್ಲಿರುತ್ತಿದ್ದಳು.

ಗೂಡಿಗೆ ಹೋಗಲು ಇನ್ನೂ ಒಂದು ಕಾರಣವಿತ್ತು. ಅದು ಯಾರಿಗೂ ಹೇಳುವಂಥದ್ದಲ್ಲ. ಭುವನಾಗೆ ಮನಸ್ಸಿನಲ್ಲೇ ಓದಲು ಬರುತ್ತಿರಲಿಲ್ಲ. ತುಟಿ ಅಲ್ಲಾಡಿಸಿ, ಒಂದೊಂದೇ ಪದವನ್ನು ಬಾಯಿಗೆ ಹಾಕಿಕೊಂಡರೆ ಮಾತ್ರ ಕತೆ ತಲೆಯೊಳಗೆ ಇಳಿಯುತ್ತಿತ್ತು. ಕ್ಲಾಸಿನಲ್ಲಿ ಸುರೇಶ್ ಅದನ್ನು ಕಂಡುಹಿಡಿದಿದ್ದ.

“ಲೇ, ನೋಡ್ರೋ! ಎಮ್ಮೆ ಮೆಲುಕು ಹಾಕ್ತೈತೆ!”

ಅಂದಿನಿಂದ ಅವಳು ಕ್ಲಾಸಿನಲ್ಲಿ ಓದುವ ಹಾಗೆ ಸುಮ್ಮನೆ ನಟಿಸುತ್ತಿದ್ದಳು. ನಿಜವಾಗಿ ಓದುತ್ತಿದ್ದದ್ದು ಗೂಡಿನಲ್ಲಿ ಮಾತ್ರ.

ಹಳೆಯ ಕಟ್ಟಡ ಸೋರುತ್ತಿತ್ತು. ಭುವನಾ ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಅದನ್ನು ಕೆಡವಿ ಹೊಸದು ಕಟ್ಟುತ್ತಾರೆ ಎಂಬ ಸುದ್ದಿ ಬಂತು. ಹೊಸದರ ಪ್ಲಾನ್ ಬರೆಯುವ ಆರ್ಕಿಟೆಕ್ಟ್ ಸ್ಫೂರ್ತಿ ಮೇಡಂ ಬೆಂಗಳೂರಿನಿಂದ ಸ್ಕೂಲಿಗೇ ಬಂದು, ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟರು. “ಹೊಸ ಲೈಬ್ರರಿಯಲ್ಲಿ ನಿಮಗೇನು ಬೇಕು? ಬರೀರಿ. ಚಿತ್ರ ಬೇಕಾದ್ರೂ ಬಿಡಿಸಿ.”

ಸುರೇಶ್ ವೈಫೈ ಎಂದು ಬರೆದ. ಉಳಿದವರು ಎಸಿ, ಲಿಫ್ಟು, ಐಸ್‌ಕ್ರೀಂ ಅಂಗಡಿ ಎಂದು ಬರೆದರು. ಭುವನಾಗೆ ಚಿತ್ರ ಬಿಡಿಸಬೇಕೆನಿಸಿತು. ಆದರೆ ಪಕ್ಕದಲ್ಲೇ ಸುರೇಶ್ ಇಣುಕುತ್ತಿದ್ದ. ಅವನಿಗೆ ಗೂಡಿನ ವಿಷಯ ಗೊತ್ತಾದರೆ ಅಲ್ಲಿಗೂ ಬಂದು ಎಮ್ಮೆ ಎನ್ನುತ್ತಾನೆ. ಅದಕ್ಕೆ ಕೈ ಅಡ್ಡ ಇಟ್ಟುಕೊಂಡು ಒಂದೇ ಸಾಲು ಬರೆದಳು: ‘ಒಂದು ಗೂಡು ಇರಲಿ.’

ಕೆಡವುವ ಹಿಂದಿನ ದಿನ ಕೊನೆಯ ಸಲ ಅದರಲ್ಲಿ ಕೂತಳು. ಆಗಲೇ ಮಂಡಿ ಕಮಾನಿಗೆ ತಾಗುತ್ತಿತ್ತು. ಆಮೇಲೆ ಒಂದೂವರೆ ವರ್ಷ ಹೊಲಿಗೆ ಅಂಗಡಿಯಲ್ಲಿ, ನೀಲಿ ಚೂರುಬಟ್ಟೆಗಳ ಗುಡ್ಡೆಯ ಪಕ್ಕ, ಸ್ಟೂಲಿನ ಮೇಲೆ ಕಳೆದಳು. ಮೆಷಿನ್ನುಗಳ ಸದ್ದಿನಲ್ಲಿ ತನ್ನ ತುಟಿಯ ಸದ್ದು ತನಗೇ ಕೇಳುತ್ತಿರಲಿಲ್ಲ. ಪರವಾಗಿಲ್ಲ, ಗೂಡು ಬರುತ್ತದೆ ಎಂದು ಕಾದಳು.

*

ಸೋಮವಾರ ನಾಲ್ಕು ಗಂಟೆಗೆ ಅವಳು ಒಬ್ಬಳೇ ಹೊಸ ಲೈಬ್ರರಿಗೆ ಹೋದಳು.

ಒಳಗೆ ಹೊಸ ಪೇಂಟಿನ ವಾಸನೆ. ಕುರ್ಚಿಗಳ ಬದಲು ಅಗಲವಾದ ಮರದ ಮೆಟ್ಟಿಲುಗಳು, ಅವುಗಳ ಮೇಲೆ ಬಣ್ಣಬಣ್ಣದ ದಿಂಬುಗಳು. ಪುಸ್ತಕದ ಕಪಾಟುಗಳಿಗೆ ಗಾಲಿ. ಎಲ್ಲ ಕಪಾಟುಗಳೂ ಅವಳ ಸೊಂಟದ ಎತ್ತರಕ್ಕೇ ನಿಂತಿದ್ದವು. ಅವುಗಳ ಹಿಂದೆ ಯಾರು ಕೂತರೂ ತಲೆ ಕಾಣುತ್ತದೆ.

ಪುಸ್ತಕ ತೆಗೆದುಕೊಂಡು ಕೊನೆಯ ಮೆಟ್ಟಿಲಿನ ತುದಿಗೆ ಹೋಗಿ ಕೂತಳು. ಸಂಜೆಯ ಬಿಸಿಲು ಗಾಜು ದಾಟಿ ನೇರವಾಗಿ ಪುಟದ ಮೇಲೆ ಬಿತ್ತು. ಕಣ್ಣು ಕಿರಿದು ಮಾಡಿ ಮೊದಲನೇ ಸಾಲು ಓದಿದಳು. ಎರಡನೇ ಸಾಲು ಓದಿದಳು.

ಟಕ್ ಟಕ್.

ಗಾಜಿನ ಆಚೆ ಸುರೇಶ್ ನಿಂತಿದ್ದ. ಜೊತೆಗೆ ಇನ್ನಿಬ್ಬರು. ಗಾಜಿಗೆ ಮೂಗು ಒತ್ತಿ, ದವಡೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡಿಸಿ ತೋರಿಸಿದ. ಅವರ ನಗು ಕೇಳಿಸಲಿಲ್ಲ, ಕಾಣಿಸಿತು.

ಭುವನಾ ಪುಸ್ತಕ ಮುಚ್ಚಿದಳು.

ಮಂಗಳವಾರ ಮಹಡಿ ಮೆಟ್ಟಿಲಿನ ಕೆಳಗೆ ಒಂದು ಇಳಿಜಾರು ಜಾಗ ಸಿಕ್ಕಿತು. ನುಸುಳಿ ಕೂತಳು. ಎರಡು ಪುಟ ಓದುವಷ್ಟರಲ್ಲಿ ವಾಚ್‌ಮನ್ ಸಣ್ಣಬೀರಪ್ಪ ಬಗ್ಗಿ ನೋಡಿದ.

“ಅಲ್ಲಿ ಕೂರಂಗಿಲ್ಲ ಕಣವ್ವ. ಎದ್ದೇಳು.”

“ಯಾಕೆ?”

“ಅಲ್ಲಿ ಕೂತ್ರೆ ಕ್ಯಾಮೆರಾಗೆ ಕಾಣಲ್ಲ.”

ಬುಧವಾರ ಅವಳು ಸುಮ್ಮನೆ ಕೌಂಟರಿನ ಪಕ್ಕ ನಿಂತಳು. ಲೈಬ್ರರಿಯನ್ ಪಂಚಾಕ್ಷರಪ್ಪ ಸಾರ್ ಹಳೆಯ ಕಟ್ಟಡದಲ್ಲೂ ಇದ್ದವರು. ಈಗ ಅವರ ಮುಂದೆ ಒಂದು ಕಂಪ್ಯೂಟರ್. ಒಂದೇ ಬೆರಳಿನಿಂದ ಅಕ್ಷರ ಹುಡುಕುತ್ತಿದ್ದರು.

“ಏನವ್ವ, ಇಷ್ಟ್ ದೊಡ್ ಗೂಡು ಸಿಕ್ತು. ಏಣಿ ಹಾಕ್ಕೊಡ್ಲಾ, ಹತ್ತಿ ಕೂತ್ಕೊತೀಯಾ?”

ಭುವನಾ ನಗಲಿಲ್ಲ. ಅವರೂ ನಗುವುದನ್ನು ನಿಲ್ಲಿಸಿದರು.

“ನೀನು ಯಾವ್ ಗೂಡು ಕೇಳಿದ್ದು ಅಂತ ನಂಗೊತ್ತು ಕಣೇ,” ಎಂದರು ಮೆಲ್ಲಗೆ. “ಆದ್ರೆ ಅವರು ಹಕ್ಕಿಗೂಡು ಮಾಡಿದಾರೆ ಅಂತ, ಅದನ್ನ ನೇತಾಕೋಕೆ ಕ್ರೇನ್ ಬಂದ ದಿನಾನೇ ಗೊತ್ತಾಗಿದ್ದು. ಅಷ್ಟೊತ್ತಿಗೆ ಆಗೋಗಿತ್ತಲ್ಲ. ಬಾಯ್ ಮುಚ್ಕೊಂಡು ನಿಂತ್ಕೊಂಡೆ.”

“ನಾನೂ ಮೈಕಲ್ಲಿ ಚೆನ್ನಾಗಿದೆ ಅಂದ್ಬಿಟ್ಟೆ ಸಾರ್.”

“ಹೂಂ. ನಾನೂ ಚಪ್ಪಾಳೆ ತಟ್ಬಿಟ್ಟೆ.”

ಗುರುವಾರ, ಶುಕ್ರವಾರ ಭುವನಾ ಲೈಬ್ರರಿಗೆ ಹೋಗಲಿಲ್ಲ. ಹೊಲಿಗೆ ಅಂಗಡಿಯ ಸ್ಟೂಲಿಗೇ ಹೋದಳು. “ನಿನ್ ಹೆಸ್ರು ಹಾಕಿರೋ ಲೈಬ್ರರಿ ಬಿಟ್ಟು ಇಲ್ಯಾಕೆ ಬಂದ್ಯೇ?” ಎಂದು ಅಮ್ಮ ಕೇಳಿದಳು. ಭುವನಾ ಬಟ್ಟೆಯ ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಾ ಕೂತಳು.

*

ಶನಿವಾರ ಸ್ಫೂರ್ತಿ ಮೇಡಂ ಮತ್ತೆ ಬಂದರು. ಜೊತೆಗೊಬ್ಬ ಫೋಟೋಗ್ರಾಫರ್. ಯಾವುದೋ ಪತ್ರಿಕೆಗೆ ಲೈಬ್ರರಿಯ ಫೋಟೋ ಬೇಕಂತೆ. ಗೂಡಿನ ಕೆಳಗೆ ಭುವನಾ ಓದುತ್ತಾ ಕೂತಿರಬೇಕಂತೆ. ಹೆಡ್ ಮೇಷ್ಟ್ರು ಅವಳನ್ನು ಕಳಿಸಿಕೊಟ್ಟರು.

“ನ್ಯಾಚುರಲ್ ಆಗಿ ಓದಮ್ಮ. ನಾವು ಇಲ್ಲಿಲ್ಲ ಅಂದ್ಕೋ,” ಎಂದ ಫೋಟೋಗ್ರಾಫರ್.

ಭುವನಾ ತುಟಿ ಬಿಗಿ ಹಿಡಿದು ಪುಸ್ತಕ ನೋಡಿದಳು. ಅಕ್ಷರಗಳು ಸತ್ತ ಇರುವೆಗಳ ಹಾಗೆ ಇದ್ದಲ್ಲೇ ಇದ್ದವು.

“ಪುಟ ತಿರುಗಿಸು... ಏನಪ್ಪಾ ಇದು, ಒಳ್ಳೆ ಬೊಂಬೆ ತರ ಕೂತ್ಬಿಟ್ಳು. ಸ್ವಲ್ಪ ಓದೋ ತರ ಮಾಡು ಪುಟ್ಟಿ!”

“ಓದೋಕಾಗಲ್ಲ,” ಎಂದಳು ಭುವನಾ.

ಮೇಡಂ ಹತ್ತಿರ ಬಂದು ಕೂತರು. “ಯಾಕೆ? ಹುಷಾರಿಲ್ವಾ?”

ಭುವನಾ ನೆಲ ನೋಡಿದಳು. ಹೇಳಿದರೆ ಮೇಡಂಗೆ ಬೇಜಾರಾಗುತ್ತದೆ. ಹೇಳದಿದ್ದರೆ ಅವಳು ಯಾವತ್ತೂ ಇಲ್ಲಿ ಓದುತ್ತಿರುವ ಹಾಗೆ ನಟಿಸುತ್ತಲೇ ಇರಬೇಕು. ಫೋಟೋದಲ್ಲೂ.

“ನಾನು ಕೇಳಿದ್ದು ಈ ಗೂಡಲ್ಲ ಮೇಡಂ. ಗೋಡೇಲಿರುತ್ತಲ್ಲ, ಆ ಗೂಡು.”

“ಗೋಡೇಲಿ ಗೂಡಾ? ಗುಬ್ಬಚ್ಚಿ ಕಟ್ಟುತ್ತಲ್ಲ, ಅದಾ?”

“ಅಲ್ಲ ಮೇಡಂ. ದೀಪ ಇಡೋದು.”

ಮೇಡಂಗೆ ಅರ್ಥವಾಗಲಿಲ್ಲ. ಭುವನಾ ಎದ್ದು, ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಮಂಡಿ ಮಡಚಿದಳು. ಮಂಡಿಯ ಮೇಲೆ ಪುಸ್ತಕ ಇಟ್ಟುಕೊಂಡಳು. ಒಂದು ಕೈಯಿಂದ ತನ್ನ ತಲೆಯ ಮೇಲೆ ಗಾಳಿಯಲ್ಲಿ ಕಮಾನು ಬರೆದಳು.

“ಹಿಂಗೆ. ಹಳೇ ಲೈಬ್ರರೀಲಿ ಇತ್ತು. ಅದರೊಳಗೆ ಕೂತ್ರೆ ಯಾರಿಗೂ ಕಾಣಲ್ಲ. ನಂಗೆ ತುಟಿ ಅಲ್ಲಾಡಿಸ್ಕೊಂಡು ಓದಿದ್ರೇನೇ ಓದೋಕೆ ಬರೋದು.”

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿದ.

“ಆ ಗೋಡೆ ಅಳತೆ ತಗೊಂಡಿದ್ದು ನಾನೇ,” ಎಂದರು ಮೇಡಂ. “ಆ ಹಳ್ಳ ನೋಡಿದೀನಿ. ಪ್ಲಾನಲ್ಲಿ ‘ಡ್ಯಾಮೇಜ್’ ಅಂತ ಬರ್ಕೊಂಡಿದ್ದೆ. ಅದಕ್ಕೂ ಗೂಡು ಅಂತಾರಾ?”

“ಗೂಡಿಗೆ ಗೂಡು ಅಂತ್ಲೇ ಅನ್ನೋದು ಮೇಡಂ.”

ಮೇಡಂ ಚೀಲದಿಂದ ಟೇಪು ತೆಗೆದರು. ಅವಳ ಬೆನ್ನಿನಿಂದ ಕಾಲಿನ ಬೆರಳವರೆಗೆ ಅಳೆದರು. ಎರಡೂವರೆ ಅಡಿ. ಆಮೇಲೆ ಎದ್ದು ಸುತ್ತ ನೋಡಿದರು. ಗಾಜು, ಗಾಜು, ಗಾಜು. ಟಾಯ್ಲೆಟ್ಟಿನ ಹತ್ತಿರ ಒಂದೇ ಒಂದು ಇಟ್ಟಿಗೆ ಗೋಡೆ ಇತ್ತು. ಅದರ ಅಂಚಿಗೆ ಟೇಪು ಹಿಡಿದರು. ದಪ್ಪ ಆರೇ ಇಂಚು.

“ರಸ್ತೇಲಿ ಹೋಗೋರಿಗೆ ಓದೋರು ಕಾಣ್ಬೇಕು, ಆಗ ಅವರೂ ಒಳಗೆ ಬರ್ತಾರೆ ಅಂದ್ಕೊಂಡಿದ್ದೆ,” ಎಂದರು ತಮ್ಮಷ್ಟಕ್ಕೆ ಎಂಬಂತೆ.

“ಬರ್ತಾರೆ ಮೇಡಂ. ಸಂಜೆ ಹೊತ್ತು ತುಂಬಾ ಜನ ಬರ್ತಾರೆ.” ಅದೂ ನಿಜವೇ ಆಗಿತ್ತು.

“ಇಲ್ಲಿ ಇನ್ನು ಗೂಡು ಮಾಡೋಕಾಗಲ್ಲ ಭುವನಾ.”

“ಗೊತ್ತು ಮೇಡಂ.”

ಟೇಪು ಸರ್ರೆಂದು ಡಬ್ಬಿಯೊಳಗೆ ಸೇರಿತು. ಮೇಡಂ ಒಂದು ಬಿಳಿ ಹಾಳೆ, ಪೆನ್ಸಿಲ್, ರಬ್ಬರ್ ತೆಗೆದು ಅವಳ ಮುಂದಿಟ್ಟರು.

“ಅಜ್ಜಂಪುರದಲ್ಲಿ ಒಂದು ಚಿಕ್ಕ ಲೈಬ್ರರಿ ಮಾಡ್ತಿದೀನಿ. ಇನ್ನೂ ಪಾಯ ತೆಗೆದಿಲ್ಲ. ಈ ಸಲ ಬರೀಬೇಡ. ಬಿಡಿಸಿ ಕೊಡ್ತೀಯಾ?”

ಮೇಡಂ ಫೋನ್ ಹಿಡಿದು ಹೊರಗೆ ಹೋದರು. ಫೋಟೋಗ್ರಾಫರ್ ಭುವನಾಳಿಲ್ಲದ ಗೂಡಿನ ಫೋಟೋಗಳನ್ನು ತೆಗೆಯತೊಡಗಿದ.

ಭುವನಾ ಚಿತ್ರ ಬಿಡಿಸಿದಳು. ಮೊದಲು ದಪ್ಪ ಗೋಡೆ. ಗೋಡೆಯಲ್ಲಿ, ನೆಲದಿಂದ ಎರಡು ಗೇಣು ಮೇಲೆ, ಕಮಾನು. ಕಮಾನಿನೊಳಗೆ ಎರಡು ಜಡೆಯ ಹುಡುಗಿ, ಮಂಡಿಯ ಮೇಲೆ ಪುಸ್ತಕ. ತುಟಿ ಸ್ವಲ್ಪ ತೆರೆದಿರುವ ಹಾಗೆ ಒಂದು ಸಣ್ಣ ಸೊನ್ನೆ. ಯಾರೂ ಇಣುಕುತ್ತಿರಲಿಲ್ಲ. ಗಾಜಿನ ಆಚೆ ಯಾರಾದರೂ ಇದ್ದಾರೋ ಎಂದು ಅವಳೂ ತಿರುಗಿ ನೋಡಲಿಲ್ಲ.

ಚಿತ್ರ ಚೆನ್ನಾಗಿ ಬಂದಿತ್ತು. ಅದನ್ನೇ ನೋಡುತ್ತಾ ಕೂತಳು.

ಅಜ್ಜಂಪುರಕ್ಕೆ ಹೋಗಬೇಕಾದರೆ ರೈಲು ಹತ್ತಬೇಕು. ಬೀರೂರು ದಾಟಬೇಕು. ನಾಲ್ಕಕ್ಕೆ ಸ್ಕೂಲು ಬಿಟ್ಟರೆ ಆರರೊಳಗೆ ಹೋಗಿ ಬರಲು ಆಗುವುದಿಲ್ಲ. ಅಲ್ಲಿ ಪಾಯ ತೆಗೆದು, ಗೋಡೆ ಎದ್ದು, ಬಾಗಿಲು ತೆರೆಯುವಷ್ಟರಲ್ಲಿ ಅವಳು ಏಳನೇ ಕ್ಲಾಸು.

ಭುವನಾ ರಬ್ಬರ್ ತೆಗೆದುಕೊಂಡಳು. ಮೊದಲು ಜಡೆಗಳನ್ನು ಅಳಿಸಿದಳು. ಆಮೇಲೆ ಮಂಡಿ, ಪುಸ್ತಕ. ಕೊನೆಗೆ ಸೊನ್ನೆ. ಕಾಗದದ ಮೇಲೆ ಬೂದು ಬಣ್ಣದ ಕಲೆ ಉಳಿಯಿತು. ಗೂಡಿನೊಳಗೆ ನೆರಳು ಬಿದ್ದ ಹಾಗೆ ಕಾಣುತ್ತಿತ್ತು.

ಪಕ್ಕದಲ್ಲಿ ಅಳತೆ ಬರೆದಳು: ಎರಡೂವರೆ ಅಡಿ.

ಪೆನ್ಸಿಲ್ ಕೆಳಗಿಟ್ಟಳು. ಹಳೆಯ ಗೂಡಿನಲ್ಲಿ ಕೊನೆಯ ದಿನ ಕಮಾನಿಗೆ ತಾಗಿದ್ದ ಮಂಡಿ ನೆನಪಾಯಿತು. ಅಜ್ಜಂಪುರದಲ್ಲಿ ತುಟಿ ಅಲ್ಲಾಡಿಸಿ ಓದುವ ಹುಡುಗಿ ಎಷ್ಟು ಉದ್ದ ಇದ್ದಾಳೋ ಯಾರಿಗೆ ಗೊತ್ತು.

ಮತ್ತೆ ಪೆನ್ಸಿಲ್ ಎತ್ತಿಕೊಂಡು ಎರಡೂವರೆಯ ಮೇಲೆ ಗೆರೆ ಎಳೆದಳು. ಮೂರು ಎಂದು ಬರೆದಳು.