ಹನ್ನೊಂದನೇ ಪೆಟ್ಟಿಗೆ ಮುಟ್ಟಿ ಬಾ

"ಈ ವಿಮಾನ ಹೊರಡಲ್ಲ!"

ಕಾಕ್‌ಪಿಟ್ ಬಾಗಿಲಲ್ಲಿ ಹಾಳೆಯೊಂದನ್ನು ಹಿಡಿದು ನಿಂತವನು ಹಾಗೆಂದಾಗ ಗುಬ್ಬಿ ತನ್ನ ಸೀಟಿನಲ್ಲೇ ಗಕ್ಕನೆ ತಿರುಗಿದಳು.

ಅವತ್ತು ಅವಳ ಮೊದಲ ಹಾರಾಟ. ಪೈಲಟ್ ಲೈಸೆನ್ಸ್ ಕೈಗೆ ಬಂದಾಗ ವಿಮಾನ ಕಂಪನಿಗಳು ಇದ್ದವರನ್ನೇ ಮನೆಗೆ ಕಳಿಸುತ್ತಿದ್ದವು. ನಾಲ್ಕು ವರ್ಷ ಅವಳು ಮೊಬೈಲ್ ಅಂಗಡಿಯಲ್ಲಿ ಕವರ್ ಮಾರಿದ್ದಳು. ಆಮೇಲೆ ಆನ್‌ಲೈನ್ ಅಂಗಡಿಯವರು ಪಾರ್ಸೆಲ್ ಸಾಗಿಸೋಕೆ ಸ್ವಂತ ವಿಮಾನಗಳನ್ನೇ ಇಟ್ಟುಕೊಂಡರು. ಅಂಥದ್ದೊಂದು ಕಂಪನಿಯಲ್ಲಿ ಅವಳಿಗೆ ಕೋ-ಪೈಲಟ್ ಕೆಲಸ. ಆರು ತಿಂಗಳ ಪರೀಕ್ಷೆ, ಪಾಸಾದರೆ ಕಾಯಂ.

"ಗಂಡಿನ ಕಡೆಯವರಿಗೆ ಏನಂತ ಹೇಳೋದೇ? ನಮ್ಮ ಹುಡುಗಿ ಚಪ್ಪಲಿ, ಬಕೆಟ್ ಹೊತ್ಕೊಂಡು ಹಾರ್ತಾಳೆ ಅಂತಲಾ?" ಎಂದಿದ್ದರು ಸೋದರತ್ತೆ.

"ಚಪ್ಪಲಿ ವಾಂತಿ ಮಾಡಲ್ಲ ಅತ್ತೆ, ಕಿಟಕಿ ಸೀಟು ಬೇಕು ಅಂತ ಜಗಳಾನೂ ಆಡಲ್ಲ" ಎಂದು ನಗಿಸಿ ಬಂದಿದ್ದಳು. ಆದರೆ ಒಳಗೊಳಗೇ ಪುಕಪುಕ. ಇದೂ ಕೈ ತಪ್ಪಿದರೆ...?

ಈಗ ನೋಡಿದರೆ ಯಾರೋ ಒಬ್ಬ, ಹೊರಡಲ್ಲ ಅನ್ನುತ್ತಿದ್ದಾನೆ!

"ಯಾಕ್ರೀ ಹೊರಡಲ್ಲ?"

"ಆರನೇ ಪೆಟ್ಟಿಗೆ ಕಾಗದದಲ್ಲಿ ಹಗುರ ಇದೆ ಮೇಡಂ, ತಳ್ಳಿದ್ರೆ ಕದಲ್ತಿಲ್ಲ. ಮತ್ತೆ ತೂಕ ಹಾಕಿಸ್ಬೇಕು."

"ನನಗೆ ಮೊದಲ ದಿನಾನೇ ತಡ ಆಗುತ್ತೆ!"

"ಆಗ್ಲಿ. ತಡ ಆದೋರು ತಲುಪ್ತಾರೆ."

ಎಡಗಡೆ ಸೀಟಿನ ಹಿರಿಯ ಕ್ಯಾಪ್ಟನ್, ಎಲ್ಲರೂ 'ದೊಡ್ಡಪ್ಪ' ಎಂದೇ ಕರೆಯುವ ಅವಳ ಪರೀಕ್ಷಕರು, ಮೀಸೆಯಲ್ಲೇ ನಕ್ಕರು. "ಸುಮ್ನಿರಮ್ಮ. ಸರಕಿನ ತೂಕ ನೋಡೋನು, ಅವನ ಹೆಸರೇ ತಕ್ಕಡಿ. ಅವನ ಹಾಳೆಗೆ ಸಹಿ ಬೀಳದೆ ಇಲ್ಲಿ ನೊಣಾನೂ ಹಾರಲ್ಲ."

ತೂಕ ಹಾಕಿದಾಗ ಮುನ್ನೂರು ಕಿಲೋ ಜಾಸ್ತಿ ಬಂತು! ರಿಯಾಯಿತಿ ವಾರದಲ್ಲಿ ಜನಕ್ಕೆಲ್ಲ ಒಟ್ಟಿಗೇ ವ್ಯಾಯಾಮದ ಹುಚ್ಚು ಹಿಡಿದು, ಪೆಟ್ಟಿಗೆ ತುಂಬ ಡಂಬೆಲ್.

ಗುಬ್ಬಿ ಕಿಟಕಿಯಿಂದ ಬಗ್ಗಿ ನೋಡಿದಳು. ಕೆಳಗೆ ಅವನೂ ತಲೆಯೆತ್ತಿದ. ಗೆದ್ದೆ ಅಂತ ಬೀಗಲಿಲ್ಲ. 'ಹೋಗಿ ಬನ್ನಿ' ಎಂಬಂತೆ ಕೈ ಎತ್ತಿದ, ಅಷ್ಟೇ.

ಆ ಕೈ ಅವಳ ಕಣ್ಣಿನಿಂದ ದಿನವಿಡೀ ಹೋಗಲಿಲ್ಲ...

* * *

ತಕ್ಕಡಿಗೆ ಒಂದು ಅಭ್ಯಾಸ. ವಿಮಾನದ ಹೊಟ್ಟೆಯಲ್ಲಿ ಹನ್ನೊಂದು ಜಾಗ, ಹನ್ನೊಂದು ದೊಡ್ಡ ಪೆಟ್ಟಿಗೆ. ಯಾವುದು ಎಲ್ಲಿ ಕೂರಬೇಕೋ ಅಲ್ಲೇ ಕೂತರೆ ವಿಮಾನ ಸಮತೋಲ. ಸಹಿ ಹಾಕುವ ಮೊದಲು ಅವನು ಮುಂದಿನಿಂದ ಹಿಂದಿನವರೆಗೂ ನಡೆದು, ಒಂದೊಂದನ್ನೂ ಅಂಗೈಯಿಂದ ಮುಟ್ಟಿ, ಅದರ ಸಂಖ್ಯೆಯನ್ನು ಜೋರಾಗಿ ಓದುತ್ತಿದ್ದ.

"ಒಂದು... ಸರಿ! ಎರಡು... ಸರಿ!"

"ಹಾಜರಿ ಕರೀತೀರಾ ಮೇಷ್ಟ್ರೇ?" ಎಂದು ಅವಳು ಕಾಡಿಸುತ್ತಿದ್ದಳು.

"ನಗಿ ಮೇಡಂ. ಹೋದ ವರ್ಷ ಒಂದು ತಪ್ಪು ಮಾಡಿದ್ದೀನಿ. ಇನ್ನೊಂದಾದ್ರೆ ಈ ಗೇಟೊಳಗೆ ಬಿಡಲ್ಲ."

ಮೇಡಂ ಹೋಗಿ ಗುಬ್ಬಿ ಆಯಿತು. ನೀವು ಹೋಗಿ ನೀನು ಆಯಿತು. ಆರನೇ ತಿಂಗಳೂ ಬಂತು.

ಒಂದು ಮಧ್ಯಾಹ್ನ ಅವನು ಮೊದಲನೇ ಪೆಟ್ಟಿಗೆ ಮುಟ್ಟುತ್ತಿದ್ದಾಗ ಅವಳು ಹಿಂದಿನಿಂದ ಹೋಗಿ ಒಂದೇ ಉಸಿರಿಗೆ ಕೇಳಿಬಿಟ್ಟಳು.

"ನಾಳೆ ಇಬ್ಬರಿಗೂ ರಜಾ. ಟೀ ಕುಡಿಯೋಣವಾ? ಈ ಗದ್ದಲ ಇಲ್ದಿರೋ ಕಡೆ?"

ಅವನ ಕಿವಿ ಕೆಂಪಾಯಿತು. "ಹೂಂ" ಎಂದ. ಎರಡು ಸಲ ಎಂದ. ಅಲ್ಲೇ ಹಾಳೆಗೆ ಸಹಿ ಹಾಕಿ, ಕಾಲು ನೆಲಕ್ಕೆ ತಾಗದವನಂತೆ ಇಳಿದು ಹೋದ.

ಒಂದರಿಂದಾಚೆ ಸಂಖ್ಯೆ ಕೂಗಿದ್ದು ಅವಳಿಗೆ ಕೇಳಿಸಲೇ ಇಲ್ಲ. ಅವಳ ಕಿವಿಯಲ್ಲೂ ಆ 'ಹೂಂ' ಒಂದೇ ತುಂಬಿತ್ತು!

ರನ್‌ವೇಯಲ್ಲಿ ವೇಗ ಬಂತು. ವಿಮಾನದ ಮೂಗು ಎತ್ತಲು ಗುಬ್ಬಿ ಹಿಡಿಕೆ ಎಳೆದಳು. ಏಳಲಿಲ್ಲ.

ಇನ್ನೂ ಎಳೆದಳು. ಏಳಲಿಲ್ಲ!

ಮುಂದೆ ರನ್‌ವೇ ಮುಗಿಯುತ್ತಾ ಬಂತು... ದೊಡ್ಡಪ್ಪನ ಕೈಗಳೂ ಸೇರಿ ಎಳೆದ ಮೇಲೆ ವಿಮಾನ ಹೇಗೋ ನೆಲ ಬಿಟ್ಟಿತು.

ಇಳಿದ ಮೇಲೆ ದೊಡ್ಡಪ್ಪ ಮುಖ ನೋಡದೆ ಹೇಳಿದರು. "ತುಂಬಾ ಮೆತ್ತಗೆ ಎಳೆದೆ ಕಣಮ್ಮ. ಪರೀಕ್ಷೆಯ ವರದಿಯಲ್ಲಿ ಬರೀಲೇಬೇಕಾಗುತ್ತೆ."

ಅವಳು ಸರಕಿನ ಬಾಗಿಲ ಬಳಿ ಹೋಗಿ ನಿಂತಳು. ಪೆಟ್ಟಿಗೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಮುಂದುಗಡೆ, ಎರಡನೇ ಜಾಗದಿಂದ ಹೊರಬಂದ ಪೆಟ್ಟಿಗೆಯ ಮೇಲಿನ ಚೀಟಿಯನ್ನು ಅವಳು ಎರಡು ಸಲ ಓದಿದಳು.

ಹನ್ನೊಂದು.

ಎಲ್ಲಕ್ಕಿಂತ ಭಾರದ್ದು. ಬಾಲದ ಹತ್ತಿರ ಇರಬೇಕಾದದ್ದು ಮೂಗಿನ ಹತ್ತಿರ ಕೂತಿತ್ತು!

'ಹೇಳಿದ್ರೆ ಅವನ ಕೆಲಸ ಹೋಗುತ್ತೆ. ಹೇಳದಿದ್ರೆ ನಂದು...'

ಅವನ ಕೆಂಪು ಕಿವಿ ನೆನಪಾಯಿತು. ಗುಬ್ಬಿ ತುಟಿ ಕಚ್ಚಿಕೊಂಡಳು. ಹೇಳಲಿಲ್ಲ.

* * *

ಮರುದಿನ ಟೀ ಅಂಗಡಿಯಲ್ಲಿ ಎರಡು ಗಂಟೆ ಕಾದಳು. ಅವನು ಬರಲಿಲ್ಲ. ಫೋನೂ ಎತ್ತಲಿಲ್ಲ.

ಮೂರನೇ ದಿನ ದೊಡ್ಡಪ್ಪನ ಫೋನು. "ಆ ಹಾರಾಟದ ಬಗ್ಗೆ ತಕ್ಕಡಿ ಬರೆದು ಕೊಟ್ಟಿದ್ದಾನೆ. ಬೆಳಿಗ್ಗೆ ಬಾ."

'ಬರೆದು ಕೊಟ್ಟಿದ್ದಾನಾ? ನನ್ನ ಮೇಲಾ?! ಕೆಲಸದ ಹೊತ್ತಲ್ಲಿ ಬಂದು ಮಾತಾಡಿಸಿದ್ಲು ಅಂತಾನಾ? ನಾನು ಅವನಿಗೋಸ್ಕರ ಬಾಯಿ ಮುಚ್ಕೊಂಡ್ರೆ...'

ರಾತ್ರಿ ತಟ್ಟೆಯ ಅನ್ನ ಕಲಸಿ ಹಾಗೇ ಬಿಟ್ಟಳು. "ಏನಾಯ್ತೇ ಮುಖಕ್ಕೆ?" ಎಂದ ಅಮ್ಮನಿಗೆ "ಏನಿಲ್ಲ" ಎಂದಳು. ಯಾವ ಅಮ್ಮ ತಾನೇ ಅದನ್ನು ನಂಬುತ್ತಾಳೆ?

ಬೆಳಿಗ್ಗೆ ದೊಡ್ಡಪ್ಪ ಕಾಗದವನ್ನು ಮೇಜಿನ ಮೇಲಿಟ್ಟು ಅವಳತ್ತ ತಳ್ಳಿದರು.

'ಗುಬ್ಬಿ ಮೂಗು ಎತ್ತೋದಕ್ಕೆ ತಡ ಮಾಡುವವಳಲ್ಲ. ಅವಳಿಗೆ ಕಡಿಮೆ ಅಂಕ ಬಂತು ಅಂತ ಕೇಳಿದ ದಿನವೇ ಲೋಡಿಂಗ್ ಕ್ಯಾಮೆರಾ ನೋಡಿದೆ. ಎರಡು, ಹನ್ನೊಂದು ಅದಲು ಬದಲಾಗಿವೆ. ನಾನು ಮುಟ್ಟಿ ನೋಡದೆ ಸಹಿ ಮಾಡಿದ್ದೇನೆ. ತಪ್ಪು ನನ್ನದೊಬ್ಬನದೇ.'

ಅಕ್ಷರಗಳು ಕಲಸಿಹೋದವು. ಛೇ... ಎಂಥ ಮನುಷ್ಯನ ಬಗ್ಗೆ ಏನೆಲ್ಲ ಅಂದುಕೊಂಡೆ!

"ಇಳಿಸುವಾಗ ಬಾಗಿಲಲ್ಲಿ ನೀನೇ ನಿಂತಿದ್ದೆ. ನಿನಗೆ ಕಾಣಿಸಲಿಲ್ಲವಾ?" ದೊಡ್ಡಪ್ಪ ಮೆಲ್ಲಗೆ ಕೇಳಿದರು.

'ಇಲ್ಲ' ಎಂಬ ಒಂದು ಮಾತು ಸಾಕಿತ್ತು. ಕೆಲಸ ಕಾಯಂ ಆಗುತ್ತಿತ್ತು.

"ಕಾಣಿಸ್ತು ಸರ್."

ದೊಡ್ಡಪ್ಪ ಕಾಗದವನ್ನು ಮಡಿಸಿಟ್ಟರು.

"ಕಂಪನಿಗೆ ಇನ್ನೂ ಎಂಟು ವಿಮಾನ ಬರ್ತಿವೆ. ಪೈಲಟ್‌ಗಳು ಬೇಕೇ ಬೇಕು. ಆದ್ರೆ ಕಂಡದ್ದನ್ನು ಅವತ್ತೇ ಹೇಳೋ ಪೈಲಟ್‌ಗಳು ಬೇಕಮ್ಮ. ನಿನ್ನ ಪರೀಕ್ಷೆ ಇನ್ನೂ ಮೂರು ತಿಂಗಳು. ಅವನಿಗೆ ಅಷ್ಟೂ ದಿನ ಸಹಿ ಹಾಕೋ ಅಧಿಕಾರ ಇಲ್ಲ, ಮತ್ತೆ ತರಬೇತಿ. ತಾನಾಗೇ ಬಂದು ಒಪ್ಕೊಂಡ, ಅದಕ್ಕೇ ಕೆಲಸ ಉಳೀತು."

* * *

ಗೋದಾಮಿನ ಹಿಂದೆ, ಖಾಲಿ ಪೆಟ್ಟಿಗೆಗಳ ನಡುವೆ ಅವನು ಸಿಕ್ಕಿದ.

"ಟೀಗೆ ಯಾಕೆ ಬರ್ಲಿಲ್ಲ?"

"ನಿನ್ನ ಮುಂದೆ ಕೂತು ಟೀ ಕುಡಿಯೋ ಮುಖ ಇರ್ಲಿಲ್ಲ... ನಿನ್ನನ್ನ ಸಾಯಿಸಿಬಿಡ್ತಿದ್ದೆ, ಗುಬ್ಬಿ." ಅವನು ಅವಳತ್ತ ತಿರುಗಿದ. "ನೀನು ಯಾಕೆ ಹೇಳ್ಲಿಲ್ಲ?"

"ನಿನ್ನ ಉಳಿಸೋಣ ಅಂತ!"

"ಯಾರ ಕಣ್ಣಿಗೂ ಬೀಳದೆ ನಾನು ಮತ್ತೆ ಹಾಗೇ ಸಹಿ ಹಾಕಿದ್ರೆ? ಆ ವಿಮಾನದಲ್ಲೂ ಯಾರದೋ ಮನೆ ಗುಬ್ಬಿ ಇರ್ತಿದ್ಲು."

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಕರವಸ್ತ್ರಕ್ಕೆ ಜೇಬು ತಡಕಿದ. ಸಿಕ್ಕಿದ್ದು ಪೆಟ್ಟಿಗೆಗೆ ಅಂಟಿಸುವ ಚೀಟಿಗಳ ಸುರುಳಿ. ಅದನ್ನೇ ಚಾಚಿದ. ಅಳುತ್ತಲೇ ನಗು ಬಂತು ಅವಳಿಗೆ.

"ಗುಬ್ಬಿ, ನಾನು ನಿನ್ನನ್ನ..."

"ಬೇಡ! ಈಗ ಬೇಡ. ನಿನ್ನ ಸಹಿ ನಿನಗೆ ವಾಪಸ್ ಬಂದ ದಿನ ಹೇಳು."

ಆ ಮೂರು ತಿಂಗಳು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಪ್ರತಿ ಸಲ ಮೂಗು ಎತ್ತುವಾಗ ಅವಳಿಗೆ ಆ ದಿನವೇ ನೆನಪಾಗುತ್ತಿತ್ತು. ಪ್ರತಿ ಸಲ ವಿಮಾನ ಕಣ್ಮರೆಯಾಗುವವರೆಗೂ ಅವನು ಬಿಸಿಲಲ್ಲೇ ನಿಂತಿರುತ್ತಿದ್ದ.

ಅವಳ ಕೊನೆಯ ಪರೀಕ್ಷೆಯ ದಿನ ಹಾಳೆ ಹಿಡಿದು ಕಾಕ್‌ಪಿಟ್ ಬಾಗಿಲಿಗೆ ಬಂದವನು ಅವನೇ.

"ಸಹಿ ವಾಪಸ್ ಬಂತು, ಗುಬ್ಬಿ. ಈಗ ಹೇಳ್ಲಾ?"

"ಎಷ್ಟು ಮುಟ್ಟಿದ್ದೀಯಾ?"

"ಹತ್ತು."

"ಹನ್ನೊಂದನೇ ಪೆಟ್ಟಿಗೆ ಮುಟ್ಟಿ ಬಾ. ಆಮೇಲೆ ಮಿಕ್ಕಿದ ಮಾತು!"

ದೊಡ್ಡಪ್ಪ ಕಿಟಕಿಯಾಚೆ ಮೋಡ ಎಣಿಸತೊಡಗಿದರು.

ಹೆಜ್ಜೆ ಸದ್ದು ವಿಮಾನದ ಬಾಲದವರೆಗೂ ಹೋಯಿತು. ಅಂಗೈ ತಟ್ಟಿದ ಸದ್ದು... ಆಮೇಲೆ ಅಷ್ಟು ಉದ್ದಕ್ಕೂ ಮೊಳಗುವ ಹಾಗೆ ಅವನ ದನಿ.

"ಹನ್ನೊಂದು... ಸರಿ! ನಿನ್ನನ್ನ ತುಂಬಾ ಪ್ರೀತಿಸ್ತೀನಿ ಕಣೇ!"

ಗುಬ್ಬಿ ಹೆಡ್‌ಸೆಟ್ ಕೆಳಗಿಟ್ಟು, ಹಿಂದಕ್ಕೆ ತಿರುಗಿ ಅಷ್ಟೇ ಜೋರಾಗಿ ಕೂಗಿದಳು.

"ಸರಿ!"